ಪದ ಪರಿಚಯ: ಎಐ ಪರ್ಸೆಂಟೇಜ್

"ಪ್ಲಾಗ್ ಎಷ್ಟು ಬಂತು? ಎಐ ಎಷ್ಟು ಬಂತು?"

ದಾವಣಗೆರೆಯಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಸಲ್ಲಿಸುವ ಸಮಯ ಬಂತೆಂದರೆ ಸ್ಟಾಫ್ ರೂಮಿನಲ್ಲಿ, ಹಾಸ್ಟೆಲಿನಲ್ಲಿ, ಸ್ಪೈರಲ್ ಬೈಂಡಿಂಗ್ ಮಾಡುವ ಜೆರಾಕ್ಸ್ ಅಂಗಡಿಯಲ್ಲಿ ಕೂಡ ಇದೇ ಮಾತು. ಪ್ಲಾಗ್ ಅಂದರೆ ಪ್ಲೇಜಿಯರಿಸಂ, ಬೇರೆಯವರ ಬರಹದ ಜೊತೆ ಎಷ್ಟು ಹೋಲುತ್ತದೆ ಅನ್ನುವ ಲೆಕ್ಕ. ಎಐ ಅಂದರೆ ಚಾಟ್‌ಜಿಪಿಟಿಯಂಥ ಯಂತ್ರ ಬರೆದ ಹಾಗೆ ಎಷ್ಟು ಕಾಣುತ್ತದೆ ಅನ್ನುವ ಲೆಕ್ಕ. ಎರಡೂ ಶೇಕಡಾ ಲೆಕ್ಕದಲ್ಲಿ ಬರುತ್ತವೆ, ಕೆಲವು ಸಲ ಒಂದೇ ಸಾಫ್ಟ್‌ವೇರ್‌ನಿಂದ ಬರುತ್ತವೆ. ಹಾಗಾಗಿ ಎರಡೂ ಒಂದೇ ಜಾತಿಯ ಸಂಖ್ಯೆ ಅಂತ ಮಕ್ಕಳೂ ತಿಳಿಯುತ್ತಾರೆ, ನಾವು ಮೇಷ್ಟ್ರುಗಳೂ ತಿಳಿಯುತ್ತೇವೆ. ಅವು ಒಂದೇ ಅಲ್ಲ. ಒಂದನ್ನು ಕಣ್ಣಾರೆ ನೋಡಿ ಪರೀಕ್ಷಿಸಬಹುದು, ಇನ್ನೊಂದನ್ನು ಹಾಗೆ ಪರೀಕ್ಷಿಸಲು ದಾರಿಯೇ ಇಲ್ಲ.

ಮೊದಲು ಪ್ಲಾಗ್, ಅಂದರೆ ಸಿಮಿಲಾರಿಟಿ. ನಿಮ್ಮ ಬರಹದ ವಾಕ್ಯಗಳನ್ನು ಸಾಫ್ಟ್‌ವೇರ್ ತನ್ನ ಹತ್ತಿರ ಇರುವ ಪ್ರಬಂಧ, ಲೇಖನ, ವೆಬ್ ಪುಟಗಳ ಜೊತೆ ಹೋಲಿಸುತ್ತದೆ. ಎಲ್ಲಿ ಹೊಂದಿಕೆಯಾಯಿತೋ ಅಲ್ಲಿ ಬಣ್ಣ ಹಚ್ಚಿ, ಇದು ಇಂಥ ಕಡೆಯಿಂದ ಬಂದಿದೆ ಅಂತ ಮೂಲವನ್ನೂ ತೋರಿಸುತ್ತದೆ. ಅದನ್ನು ತೆರೆದು ನೋಡಿ ಹೌದೋ ಅಲ್ಲವೋ ಹೇಳಬಹುದು. ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಯುಜಿಸಿ 2018ರಲ್ಲಿ ತಂದ ನಿಯಮ ಇದಕ್ಕೇ ಸಂಬಂಧಿಸಿದ್ದು. ಸಂಶೋಧನಾ ಪ್ರಬಂಧಗಳಲ್ಲಿ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡನೆ ಇಲ್ಲ. 10ರಿಂದ 40 ಇದ್ದರೆ ತಿದ್ದಿ ಆರು ತಿಂಗಳೊಳಗೆ ಮತ್ತೆ ಕೊಡಬೇಕು. 40ರಿಂದ 60 ಇದ್ದರೆ ಒಂದು ವರ್ಷ ಮತ್ತೆ ಸಲ್ಲಿಸುವ ಹಾಗಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಸರಿಯಾಗಿ ಮೂಲ ಹೇಳಿ ಉದ್ಧರಿಸಿದ ಮಾತು, ಗ್ರಂಥಸೂಚಿ, ಸಮೀಕರಣ, ಕಾನೂನಿನ ವಾಕ್ಯ ಇವೆಲ್ಲ ಆ ಲೆಕ್ಕಕ್ಕೆ ಬರುವುದಿಲ್ಲ. ಎಲ್ಲರಿಗೂ ಗೊತ್ತಿರುವ ಅಥವಾ ಆಕಸ್ಮಿಕವಾಗಿ ಹೊಂದಿಕೊಂಡ ಮಾತು ಸತತ 14 ಪದಗಳವರೆಗೆ ಇದ್ದರೂ ಬಿಡಬೇಕು.

ಈಗ ಎಐ ಪರ್ಸೆಂಟೇಜ್. ಇಲ್ಲಿ ಹೋಲಿಸಲು ಮೂಲವೇ ಇಲ್ಲ. ಚಾಟ್‌ಜಿಪಿಟಿ ಬರೆದುಕೊಟ್ಟ ಪ್ಯಾರಾ ಬೇರೆ ಎಲ್ಲೂ ಅಚ್ಚಾಗಿರುವುದಿಲ್ಲ ಅಲ್ವಾ? ಹಾಗಾಗಿ ಡಿಟೆಕ್ಟರ್, ಅಂದರೆ ಎಐ ಬರಹ ಪತ್ತೆ ಮಾಡುವ ಸಾಫ್ಟ್‌ವೇರ್, ನೋಡುವುದು ಬರಹದ ನಡಿಗೆಯನ್ನು. ಒಂದು ಪದ ಆದ ಮೇಲೆ ಮುಂದಿನ ಪದ ಎಷ್ಟು ಸುಲಭವಾಗಿ ಊಹಿಸಬಹುದಾಗಿತ್ತು ಅನ್ನುವುದು ಅದರ ಮುಖ್ಯ ಲೆಕ್ಕ. "ದಾವಣಗೆರೆಗೆ ಹೋದರೆ ತಿನ್ನಲೇಬೇಕಾದದ್ದು" ಅಂತ ಬರೆದು ನಿಲ್ಲಿಸಿದರೆ ಮುಂದೆ ಬೆಣ್ಣೆದೋಸೆ ಬರುತ್ತದೆ ಅಂತ ಯಾರಾದರೂ ಹೇಳುತ್ತಾರೆ. ಇಂಥ ಊಹಿಸಬಹುದಾದ ಪದಗಳೇ ಉದ್ದಕ್ಕೂ ಬಂದರೆ, ವಾಕ್ಯಗಳೆಲ್ಲ ಹೆಚ್ಚುಕಡಿಮೆ ಒಂದೇ ಉದ್ದ, ಒಂದೇ ರೀತಿ ಇದ್ದರೆ, ಇದು ಯಂತ್ರದ್ದಿರಬಹುದು ಅಂತ ಅದು ಅಂದಾಜು ಮಾಡುತ್ತದೆ. ಎಐ 70 ಅಂತ ಬಂದರೆ ಶೇ 70ರಷ್ಟು ಕದ್ದಿದ್ದಾರೆ ಅಂತ ಅರ್ಥ ಅಲ್ಲ. ಇಷ್ಟು ಭಾಗ ಯಂತ್ರದ ಬರಹದ ಹಾಗೆ ಕಾಣುತ್ತಿದೆ ಅಂತ, ಅಷ್ಟೇ. ಕೆಲವು ಡಿಟೆಕ್ಟರ್‌ಗಳಲ್ಲಿ ಆ ಸಂಖ್ಯೆ ಭಾಗದ್ದೂ ಅಲ್ಲ, ಪೂರ್ತಿ ಬರಹ ಯಂತ್ರದ್ದಾಗಿರುವ ಸಾಧ್ಯತೆ ಎಷ್ಟು ಅನ್ನುವುದು. ನಮ್ಮ ಚಿತ್ರದುರ್ಗದ ಕಡೆ ಬೋರ್‌ವೆಲ್‌ಗೆ ಇಲ್ಲಿ ನೀರು ಸಿಗಬಹುದು ಅಂತ ಪಾಯಿಂಟ್ ತೋರಿಸಿದ ಮೇಲೂ ಕೊರೆದು ನೀರು ಕಾಣುವ ತನಕ ಯಾರೂ ಮೋಟಾರು ತರುವುದಿಲ್ಲ. ಎಐ ಸ್ಕೋರ್ ಅಂದರೆ ಆ ಪಾಯಿಂಟ್ ಮಾತ್ರ.

ಗೊಂದಲ ಶುರುವಾಗುವುದು ಇಲ್ಲಿಂದ. "ಎಐ ಹತ್ತರೊಳಗೆ ಇರಬೇಕು, ಯುಜಿಸಿ ರೂಲ್" ಅಂತ ಹೇಳುವವರನ್ನು ನಾನು ಬಹಳ ಸಲ ಕೇಳಿದ್ದೇನೆ. ಆ 10 ಬಂದದ್ದು ಹೋಲಿಕೆಯ ಲೆಕ್ಕದಿಂದ. ಚಾಟ್‌ಜಿಪಿಟಿ ಹೊರಬಂದದ್ದು 2022ರ ನವೆಂಬರ್ 30ಕ್ಕೆ. 2018ರ ನಿಯಮದಲ್ಲಿ ಎಐ ಸ್ಕೋರಿಗೆ ಮಿತಿ ಇರಲು ಹೇಗೆ ಸಾಧ್ಯ? ಕಾಲೇಜು ಅಥವಾ ವಿಶ್ವವಿದ್ಯಾಲಯ ತನ್ನದೇ ನಿಯಮ ಮಾಡಿಕೊಳ್ಳಬಹುದು, ಅದು ಬೇರೆ. ಆದರೆ ಒಂದರ ಅಳತೆಗೋಲನ್ನು ತಂದು ಇನ್ನೊಂದಕ್ಕೆ ಹಿಡಿಯುವುದು ತಪ್ಪು, ಅದರಿಂದ ಮಕ್ಕಳ ಮಾರ್ಕ್ಸ್ ಹೋಗುತ್ತದೆ.

ಹೋಗುವುದು ಯಾರ ಮಾರ್ಕ್ಸ್ ಅನ್ನುವುದು ನನಗೆ ಜಾಸ್ತಿ ನೋವು ಕೊಡುವ ವಿಷಯ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಜಗಳೂರಿನಿಂದಲೋ ಮೊಳಕಾಲ್ಮೂರಿನಿಂದಲೋ ಬಂದು ಡಿಗ್ರಿ ಸೇರಿದ ಮಕ್ಕಳು ಇಂಗ್ಲಿಷ್ ಕಲಿಯುವುದು ಗೈಡ್‌ನಿಂದ, ಮಾದರಿ ಉತ್ತರಗಳಿಂದ. "ಪ್ಲೇಸ್ ಎ ವೈಟಲ್ ರೋಲ್", "ಇನ್ ಕನ್‌ಕ್ಲೂಷನ್" ಇವೆಲ್ಲ ಅವರು ಕಷ್ಟಪಟ್ಟು ಬಾಯಿಪಾಠ ಮಾಡಿದ ಮಾತುಗಳು. ತಪ್ಪಾಗಬಾರದು ಅಂತ ಗೊತ್ತಿರುವ ಪದಗಳನ್ನೇ ಹಾಕಿ, ಗೊತ್ತಿರುವ ರೀತಿಯಲ್ಲೇ ವಾಕ್ಯ ಕಟ್ಟುತ್ತಾರೆ. ಅಂದರೆ ಡಿಟೆಕ್ಟರ್ ಯಾವುದನ್ನು ಯಂತ್ರದ ಗುರುತು ಅನ್ನುತ್ತದೋ ಅದನ್ನೇ ಈ ಮಕ್ಕಳು ಪ್ರಾಮಾಣಿಕವಾಗಿ ಬರೆಯುತ್ತಾರೆ. ಇದು ಬರೀ ನನ್ನ ಅನುಮಾನ ಅಲ್ಲ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2023ರಲ್ಲಿ ಏಳು ಡಿಟೆಕ್ಟರ್‌ಗಳಿಗೆ ಟೋಫೆಲ್ ಅನ್ನುವ ಇಂಗ್ಲಿಷ್ ಪರೀಕ್ಷೆಯ 91 ಪ್ರಬಂಧಗಳನ್ನು ಕೊಟ್ಟು ನೋಡಿದರು. ಎಲ್ಲವೂ ಇಂಗ್ಲಿಷ್ ಮನೆಮಾತಲ್ಲದವರು ಸ್ವಂತವಾಗಿ ಬರೆದದ್ದು. ಸರಾಸರಿ ಅರ್ಧಕ್ಕಿಂತ ಜಾಸ್ತಿ ಪ್ರಬಂಧಗಳನ್ನು ಎಐ ಬರೆದದ್ದು ಅಂತ ಅವು ಹೇಳಿದವು. ಅಮೆರಿಕದ ಎಂಟನೇ ತರಗತಿ ಮಕ್ಕಳ ಪ್ರಬಂಧಗಳಲ್ಲಿ ಇಂಥ ತಪ್ಪು ತೀರಾ ಕಡಿಮೆ.

ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಒಂದು ಡಿಟೆಕ್ಟರ್ ಬಿಟ್ಟಿತ್ತು. ಅವರದೇ ಪರೀಕ್ಷೆಯಲ್ಲಿ ಅದು ಎಐ ಬರಹದಲ್ಲಿ ಶೇ 26ನ್ನು ಮಾತ್ರ ಸರಿಯಾಗಿ ಗುರುತಿಸಿತು, ಮನುಷ್ಯರ ಬರಹದಲ್ಲಿ ಶೇ 9ನ್ನು ತಪ್ಪಾಗಿ ಹಿಡಿಯಿತು. ಜುಲೈ ಹೊತ್ತಿಗೆ ವಾಪಸ್ ತೆಗೆದುಕೊಂಡರು. ಈಗಿನವು ಅದಕ್ಕಿಂತ ಚೆನ್ನಾಗಿರಬಹುದು, ಇರಲಿ. ಶೇ 1 ತಪ್ಪು ಅಂದರೂ ಎಷ್ಟಾಗುತ್ತದೆ ನೋಡಿ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಇದೇ ಲೆಕ್ಕ ಹಾಕಿತು. ಅವರಲ್ಲಿ ವರ್ಷಕ್ಕೆ 75,000 ಬರಹ ಪರಿಶೀಲನೆಗೆ ಹೋಗಿದ್ದವು, ಶೇ 1 ಅಂದರೆ 750. ಅಷ್ಟು ಜನರ ಮೇಲೆ ಸುಳ್ಳು ಆರೋಪ ಬರಬಹುದು ಅಂತ 2023ರ ಆಗಸ್ಟ್‌ನಲ್ಲಿ ಟರ್ನಿಟಿನ್ ಅನ್ನುವ ಸಾಫ್ಟ್‌ವೇರ್‌ನ ಎಐ ಪತ್ತೆಯನ್ನು ಅವರು ನಿಲ್ಲಿಸಿದರು.

ಇನ್ನೊಂದು ಕಡೆ, ಪೂರ್ತಿ ಎಐಯಿಂದ ಬರೆಸಿ ಅದನ್ನು "ಹ್ಯೂಮನೈಸರ್" ಅನ್ನುವ ಮತ್ತೊಂದು ಯಂತ್ರಕ್ಕೆ ಹಾಕಿ ಪದ ಬದಲಾಯಿಸಿಕೊಂಡವರ ಸ್ಕೋರ್ ಕೆಳಗೆ ಇಳಿದುಬಿಡಬಹುದು. ಸ್ವಂತ ಬರೆದವರು ಸಿಕ್ಕಿಬೀಳುತ್ತಾರೆ, ಬರೆಸಿದವರು ದಾಟಿಕೊಳ್ಳುತ್ತಾರೆ.

ಹಾಗಂತ ಎಐಯಿಂದ ಬರೆಸಿ ಹೆಸರು ಹಾಕಿಕೊಂಡರೆ ಪರವಾಗಿಲ್ಲ ಅಂತ ನಾನು ಹೇಳುತ್ತಿಲ್ಲ. ಅದು ತಪ್ಪೇ. ರೆಡಿಮೇಡ್ ಪ್ರಾಜೆಕ್ಟ್ ದುಡ್ಡು ಕೊಟ್ಟು ತಂದು ಕವರ್ ಪೇಜ್ ಬದಲಾಯಿಸುವುದು ಎಐ ಬರುವ ಮೊದಲೂ ಇತ್ತು, ಅದೂ ತಪ್ಪೇ ಆಗಿತ್ತು. ಅಂಕ ಅನ್ನುವುದು ಈ ಹುಡುಗನಿಗೆ ಇಷ್ಟು ಗೊತ್ತು ಅಂತ ಕಾಲೇಜು ಹೊರಗಿನವರಿಗೆ ಕೊಡುವ ಮಾತು. ಎಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯ ವಿಟಿಯುನ 2022ರ ಸ್ಕೀಮಿನಲ್ಲಿ ಸಾಮಾನ್ಯವಾಗಿ 100ಕ್ಕೆ 50 ಅಂಕ ಇಂಟರ್ನಲ್ಸ್‌ದೇ, ಅಂದರೆ ಅರ್ಧ ಮಾತು ನಮ್ಮ ಕೈಯಲ್ಲೇ ಇದೆ. ಅದನ್ನು ನಿಜವಾಗಿ ಕೊಡಬೇಕಾದರೆ ಮಕ್ಕಳ ಜೊತೆ ಮಾತಾಡಬೇಕು, ಬೇರೆ ದಾರಿ ನನಗೆ ಕಾಣುತ್ತಿಲ್ಲ.

ಮೊಳಕಾಲ್ಮೂರಿನ ಒಬ್ಬ ಹುಡುಗಿ ರೇಷ್ಮೆ ಸೀರೆ ನೇಕಾರರ ಮೇಲೆ ಪ್ರಾಜೆಕ್ಟ್ ಮಾಡಿದ್ದಳು. ಎಐ ಸ್ಕೋರ್ ಜಾಸ್ತಿ ಬಂತು. "ನಾನೇ ಬರೆದಿದ್ದು ಮೇಡಂ" ಅಂತ ಅಷ್ಟೇ ಹೇಳಿ ನಿಂತಿದ್ದಳು. ಕೂರಿಸಿ ಕನ್ನಡದಲ್ಲೇ ಕೇಳಿದೆ. ಸಾಹುಕಾರರು ನೂಲು ಕೊಟ್ಟು ಸೀರೆಗೆ ಇಷ್ಟು ಅಂತ ಕೂಲಿ ಕೊಡುವುದು, ಮುಂಗಡ ತೆಗೆದುಕೊಂಡ ಮನೆಯವರು ಬೇರೆ ಕಡೆ ನೇಯಲು ಹೋಗಲಾರದೆ ಉಳಿಯುವುದು, ಎಲ್ಲವನ್ನೂ ಮನೆಮನೆಯ ಲೆಕ್ಕ ಸಮೇತ ಹೇಳಿದಳು. ಅವಳ ನೋಟ್‌ಬುಕ್ಕಿನಲ್ಲಿ ಎಲ್ಲ ಪೆನ್ಸಿಲಿನಲ್ಲಿ ಇತ್ತು. ಯಾವ ಸ್ಕೋರ್ ಇದನ್ನು ಹೇಳುತ್ತಿತ್ತು?

ಅರವತ್ತು ಎಪ್ಪತ್ತು ಮಕ್ಕಳ ಕ್ಲಾಸಿನಲ್ಲಿ, ಅದೂ ಎರಡು ಮೂರು ಕಾಲೇಜು ಸುತ್ತುವ ಅತಿಥಿ ಉಪನ್ಯಾಸಕರಿಗೆ, ಎಲ್ಲರನ್ನೂ ಹೀಗೆ ಕೂರಿಸಿ ಕೇಳುವುದು ಕಷ್ಟ, ಗೊತ್ತು. ಆದರೆ ಅಸೈನ್‌ಮೆಂಟಿನ ಪ್ರಶ್ನೆಯನ್ನಾದರೂ ಬದಲಾಯಿಸಬಹುದು. "ಅಂತರ್ಜಲದ ಮಹತ್ವ" ಅಂತ ಕೊಟ್ಟರೆ ಯಾರಾದರೂ ಎಐಯನ್ನೇ ಕೇಳುತ್ತಾರೆ. 2022ರಲ್ಲಿ ವಾಣಿವಿಲಾಸ ಸಾಗರ 89 ವರ್ಷಗಳ ನಂತರ ಕೋಡಿ ಬಿತ್ತಲ್ಲ, ಆಮೇಲೆ ಹಿರಿಯೂರು ಕಡೆಯ ನಿಮ್ಮ ಪರಿಚಯದ ಎರಡು ಮನೆಯ ಬೋರ್‌ವೆಲ್ ಏನಾಯಿತು ಕೇಳಿಕೊಂಡು ಬನ್ನಿ ಅನ್ನಿ. ದಾವಣಗೆರೆ ಎಪಿಎಂಸಿಯಲ್ಲಿ ಒಂದು ವಾರದ ಮೆಕ್ಕೆಜೋಳದ ರೇಟು ಬರೆದುಕೊಂಡು ಬಂದು ಏರಿಳಿತಕ್ಕೆ ಕಾರಣ ಹೇಳಿ ಅನ್ನಿ. ಭಾಷೆ ತಿದ್ದಲು ಎಐ ಬಳಸಿದರೆ ಎಲ್ಲಿ ಬಳಸಿದೆ ಅಂತ ಕೊನೆಯಲ್ಲಿ ಎರಡು ಸಾಲು ಬರೆಯಲಿ, ಅದಕ್ಕೆ ಅಂಕ ಕಡಿಯಬೇಡಿ. ಕಡಿದರೆ ಮುಂದಿನ ಸಲ ಯಾರೂ ನಿಜ ಹೇಳುವುದಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಮಾತು. ಡ್ರಾಫ್ಟ್‌ಗಳನ್ನು ಡಿಲೀಟ್ ಮಾಡಬೇಡಿ. ಗೂಗಲ್ ಡಾಕ್ಸ್‌ನಲ್ಲಿ ಬರೆದರೆ ಯಾವಾಗ ಏನು ಬರೆದಿರಿ ಅನ್ನುವುದು ವರ್ಷನ್ ಹಿಸ್ಟರಿಯಲ್ಲಿ ಉಳಿಯುತ್ತದೆ. ಸ್ಕೋರ್ ಜಾಸ್ತಿ ಬಂದಿದೆ ಅಂತ ಕರೆದರೆ ಹೆದರಿ ಸುಮ್ನೆ ತಪ್ಪು ಒಪ್ಪಿಕೊಳ್ಳಬೇಡಿ. ಯಾವ ಸಾಫ್ಟ್‌ವೇರ್, ಸಿಮಿಲಾರಿಟಿಯದೋ ಎಐದೋ ಅಂತ ಕೇಳಿ, ಪೂರ್ತಿ ರಿಪೋರ್ಟ್ ನೋಡಲು ಕೇಳಿ, "ವೈವಾ ತೆಗೆದುಕೊಳ್ಳಿ, ಉತ್ತರ ಹೇಳುತ್ತೇನೆ" ಅನ್ನಿ.