ಕೊನೆಗೌಡನ ಫೋನು ತೋಟದಲ್ಲಿ ಸಿಗುವುದಿಲ್ಲ

ಎರಡು ವರ್ಷದ ಹಿಂದೆ, ಅಡಿಕೆ ಕೊಯ್ಲಿನ ಭರದಲ್ಲಿ, ಬೆಂಗಳೂರಿನಿಂದ ಮೂವರು ಹುಡುಗರು ಶಿರಸಿ ಸಮೀಪದ ನಮ್ಮ ಮನೆಗೆ ಬಂದಿದ್ದರು. ಅವರಲ್ಲೊಬ್ಬ ಸಂಬಂಧದಲ್ಲಿ ನನಗೆ ಅಳಿಯನಾಗಬೇಕು. ಮೊಬೈಲಿನಲ್ಲೇ ಕೊನೆಗೌಡರನ್ನು, ಅಂದರೆ ಮರ ಹತ್ತಿ ಅಡಿಕೆಯ ಗೊನೆ ಕೊಯ್ಯುವವರನ್ನು, ಗೊತ್ತುಮಾಡಿಕೊಳ್ಳುವ ಆ್ಯಪ್ ಕಟ್ಟಿದ್ದರು. ಆಟೊ ಕರೆದ ಹಾಗೆ ಕರೆದರಾಯಿತು, ಹತ್ತಿರದಲ್ಲಿರುವ ಕೊನೆಗೌಡ ಬಂದು ಮರ ಹತ್ತುತ್ತಾನೆ. ಕೊನೆ ಕೊಯ್ಯುವವರು ಸಿಗದೆ ಒದ್ದಾಡುವ ಊರು ನಮ್ಮದು. ಪರದೆ ನೋಡಿ ನಾನೂ ತಲೆಯಾಡಿಸಿದೆ.

ಅಂದು ತೋಟದಲ್ಲಿ ಕೊಯ್ಲು ನಡೆದಿತ್ತು. ಹುಡುಗರನ್ನು ಕರೆದುಕೊಂಡು ಇಳಿದೆ. ಗೌಡ ಐವತ್ತು ಅಡಿ ಮೇಲೆ, ಮರದ ಮೇಲೆ ಹಿಡಿತಕ್ಕೆಂದು ಕಾಲಿಗೆ ತಳೆ ಎಂಬ ಬಳೆ ಹಾಕಿಕೊಂಡು, ಒಂದು ಮರ ಮುಗಿದರೆ ನೆಲಕ್ಕಿಳಿಯದೆ ಮರವನ್ನೇ ತೂಗಿಸಿ ಪಕ್ಕದ್ದಕ್ಕೆ ದಾಟುತ್ತಿದ್ದ. ಕೊಯ್ದ ಕೊನೆ ಹಗ್ಗದ ಮೇಲೆ ಜಾರಿ ಬರುತ್ತಿತ್ತು. ಅವನ ಫೋನು ಅಂಗಿಯ ಜೇಬಿನಲ್ಲಿತ್ತು, ಅಂಗಿ ಬೇಲಿಯ ದಣಪೆಯ ಮೇಲಿತ್ತು. ಕಣಿವೆಯ ತೋಟ, ಸಿಗ್ನಲ್ ಬೇಕೆಂದರೆ ಬೆಟ್ಟ ಹತ್ತಬೇಕು.

“ಮರ ಇಳಿದ ಮೇಲೆ ನೋಡುತ್ತೇನೆ ಹೆಗಡೆಯರೇ, ಅಷ್ಟು ಹೊತ್ತಿಗೆ ಕತ್ತಲಾಗಿರುತ್ತದೆ” ಎಂದ.

ಸಿಗ್ನಲ್ಲಿನ ಸಮಸ್ಯೆ ಸಣ್ಣದು, ಇಂದಲ್ಲ ನಾಳೆ ಟವರ್ ಬರುತ್ತದೆ. ದೊಡ್ಡದು ಬೇರೆಯೇ ಇತ್ತು. ಹಸಿ ಅಡಿಕೆಯನ್ನು ಸುಲಿದು, ಬೇಯಿಸಿ, ಒಣಗಿಸಿ ಕೆಂಪಡಿಕೆ ಮಾಡುವವರು ಹಸಿ ಕೊನೆಯನ್ನು ಕೊಯ್ದು ಇಟ್ಟುಕೊಳ್ಳುವಂತಿಲ್ಲ. ಸಂಜೆಗೆ ಮೆಟ್ಟುಗತ್ತಿಯ ಮುಂದೆ ಸುಲಿಯುವವರು ಕೂರಬೇಕು, ಹಂಡೆ ಖಾಲಿ ಇರಬೇಕು, ಒಲೆಗೆ ಕಟ್ಟಿಗೆ ಇರಬೇಕು, ಮರುದಿನ ಅಂಗಳಕ್ಕೆ ಬಿಸಿಲು ಬೀಳಬೇಕು. ಇಷ್ಟೂ ಕೂಡಿ ಬಂದ ದಿನವೇ ಗೌಡನೂ ಬರಬೇಕು. ಅವನು ಬರುವುದೂ ಆಚೆಮನೆಯ ಕೊಯ್ಲು ಮುಗಿದ ಮೇಲೆ, ವರ್ಷಾನುಗಟ್ಟಲೆಯ ಮಾತಿನ ಮೇಲೆ. ಹುಡುಗರು ಈ ಸರಪಳಿಯಲ್ಲಿ ಒಂದು ಕೊಂಡಿಯನ್ನು ಮಾತ್ರ ನೋಡಿ, ಅದನ್ನು ಬಹಳ ಚೆನ್ನಾಗಿ ಪಾಲಿಶ್ ಮಾಡಿದ್ದರು. ಕರೆಯುವ ದಾರಿ ಸುಲಭವಾದರೆ ಮರ ಹತ್ತುವವರ ಸಂಖ್ಯೆ ಹೆಚ್ಚುತ್ತದೆಯೇ? ಆರು ತಿಂಗಳಿಗೆ ಆ್ಯಪ್ ನಿಂತಿತು.

ನವೋದ್ಯಮ ಎಂದರೆ ಕಾಲೇಜು ಬಿಟ್ಟ ಇಪ್ಪತ್ತರ ಹುಡುಗ ಎಂಬ ಚಿತ್ರ ನಮ್ಮ ತಲೆಯಲ್ಲಿದೆ. ಪಿಯೆರ್ ಅಜೂಲೆ ಮತ್ತು ಸಂಗಡಿಗರು ಅಮೆರಿಕದ ಕಂಪನಿಗಳ ದಾಖಲೆ ಜಾಲಾಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತಲೆಕೆಳಗು ಮಾಡಿತು. ಅತಿ ವೇಗವಾಗಿ ಬೆಳೆದ, ಸಾವಿರಕ್ಕೊಂದು ಎನ್ನುವಂಥ ಕಂಪನಿಗಳ ಸ್ಥಾಪಕರ ಸರಾಸರಿ ವಯಸ್ಸು, ಆರಂಭದ ಹೊತ್ತಿಗೆ, 45. ಅದೇ ಕಸುಬಿನಲ್ಲಿ ಮೊದಲೇ ಪಳಗಿದವರ ಗೆಲುವಿನ ಸಾಧ್ಯತೆ ಉಳಿದವರಿಗಿಂತ ಗಣನೀಯವಾಗಿ ಹೆಚ್ಚು. ವಯಸ್ಸಾದಂತೆ ಬುದ್ಧಿ ಬರುತ್ತದೆ ಎಂದು ನಾನು ಇದನ್ನು ಓದುವುದಿಲ್ಲ, ನನ್ನನ್ನೇ ನೋಡಿದರೆ ಸಾಕು. ಕಸುಬಿನ ಒಳಗಿದ್ದವನಿಗೆ ಯಾವ ಹಂಡೆ ಯಾವಾಗ ಖಾಲಿಯಾಗುತ್ತದೆ ಎಂದು ಗೊತ್ತಿರುತ್ತದೆ, ಅಷ್ಟೆ. 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಹುಟ್ಟಿದ್ದು ಹಾಗೆ. ಕಟ್ಟಿದವರು ಬಳಕೆದಾರರನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ, ತಾವೇ ಬಳಕೆದಾರರಾಗಿದ್ದರು.

ಹಾಗೆಂದು ಹೊಸದೆಲ್ಲ ನಮ್ಮಲ್ಲಿ ಸೋಲುತ್ತದೆ ಎಂದಲ್ಲ. ನೆಲದಲ್ಲಿ ನಿಂತೇ ಕೊನೆ ಕೊಯ್ಯುವ ಉದ್ದನೆಯ ಗಳ, ಕಾರ್ಬನ್ ಫೈಬರ್ ದೋಟಿಯನ್ನೇ ನೋಡಿ. ಬೆಲೆ ಹತ್ತಾರು ಸಾವಿರ, ಆದರೂ ಊರಿಂದೂರಿಗೆ ಹಬ್ಬಿತು. ಅಡ್ಡ ಹಿಡಿದ ಗಳ ತನ್ನ ಭಾರಕ್ಕೇ ಬಾಗುತ್ತದಲ್ಲ, ಅದೇ ದಪ್ಪದ ಗಳದ ಉದ್ದ ಎರಡು ಪಟ್ಟಾದರೆ ಆ ಬಾಗು ಹದಿನಾರು ಪಟ್ಟಾಗುತ್ತದೆ. ಬಿದಿರಿನ ದೋಟಿ ಗಿಡ್ಡ ಮರಗಳಿಗೇ ಸುಸ್ತಾಗುವುದು ಇದಕ್ಕೇ. ಕಾರ್ಬನ್ ಎಳೆಯ ಕೊಳವೆಯ ಸಾಂದ್ರತೆ ಉಕ್ಕಿನ ಐದನೇ ಒಂದರಷ್ಟು, ಬಿಗಿ ಮಾತ್ರ ಅಪಾರ. ಒಂದರೊಳಗೊಂದು ಸೇರಿದ ಕೊಳವೆಗಳನ್ನು ಎಳೆಯುತ್ತ ಹೋದರೆ ನೆಲದಲ್ಲಿ ನಿಂತವನ ಕತ್ತಿ ಕೊನೆ ಮುಟ್ಟುತ್ತದೆ. ಮರ ಹತ್ತಲಾರದ ನನ್ನಂಥವನೂ ನಾಲ್ಕು ಕೊನೆ ಕೊಯ್ಯಬಲ್ಲೆ. ಆಮೇಲೆ ಎರಡು ದಿನ ಕತ್ತು ತಿರುಗುವುದಿಲ್ಲ.

ನಾನು ಅದನ್ನು ಕೊಂಡದ್ದು ಅಂಗಡಿಯವನ ಮಾತಿಗಲ್ಲ, ಆಚೆಮನೆಯವರ ತೋಟದಲ್ಲಿ ಒಂದು ಬೆಳಗು ಹಿಡಿದು ನೋಡಿದ ಮೇಲೆ. ಇದು ನಮ್ಮೂರಿನ ಗುಣವೇನಲ್ಲ. ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಮೆಕ್ಕೆಜೋಳ ಹೇಗೆ ಹಬ್ಬಿತೆಂದು ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್ 259 ರೈತರನ್ನು ಕೇಳಿ 1943ರಲ್ಲಿ ಬರೆದರು. ಬೀಜ 1928ರಲ್ಲಿ ಬಂತು, 1941ರ ವೇಳೆಗೆ ಇಬ್ಬರನ್ನು ಬಿಟ್ಟು ಎಲ್ಲರೂ ಬಿತ್ತಿದ್ದರು. ಆದರೆ ಸುದ್ದಿ ಕಿವಿಗೆ ಬಿದ್ದಂದಿನಿಂದ ಬೀಜ ಒಪ್ಪಿಕೊಳ್ಳುವವರೆಗೆ ಸರಾಸರಿ ಒಂಬತ್ತು ವರ್ಷ. ಹೆಚ್ಚಿನವರಿಗೆ ಮೊದಲು ಹೇಳಿದವನು ಬೀಜ ಮಾರುವವನು, ನಂಬಿಸಿದವನು ನೆರೆಯವನು.

ದೋಟಿಯ ವಿಷಯದಲ್ಲಿ ಇನ್ನೊಂದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಕಾರ್ಬನ್ ಫೈಬರ್ ವಿದ್ಯುತ್ ವಾಹಕ. ನೋಡಲು ಪ್ಲಾಸ್ಟಿಕ್ಕಿನಂತೆ ಕಪ್ಪಗಿದೆ. ಒಣ ಬಿದಿರಿನ ಅಭ್ಯಾಸದ ಕೈ ಅದನ್ನು ತಂತಿಯ ಪಕ್ಕ ನಿಶ್ಚಿಂತೆಯಿಂದ ಎತ್ತುತ್ತದೆ. ಎಚ್ಚರಿಕೆಯನ್ನು ಕೈಪಿಡಿಯ ಮೂಲೆಯಲ್ಲಿ ಅಚ್ಚು ಮಾಡಿದರೆ ಓದುವವರು ಯಾರು? ಬಳಕೆದಾರನನ್ನು ಅರಿಯುವುದು ಎಂದರೆ ಅವನ ಕೈಯ ಹಳೆಯ ಅಭ್ಯಾಸವನ್ನೂ ಅರಿಯುವುದು. ನಮ್ಮ ಗೌಡ ದೋಟಿಯನ್ನು ಮೊದಲ ಸಲ ಕೈಗೆತ್ತಿಕೊಂಡಾಗ ತೋಟದ ಅಂಚಿನ ವಿದ್ಯುತ್ ಕಂಬದ ಕಡೆ ನೋಡಿ, “ಆ ಸಾಲು ನಾನು ಹತ್ತಿಯೇ ಕೊಯ್ಯುತ್ತೇನೆ” ಎಂದಿದ್ದ. ಆ ಒಂದು ಮಾತಿಗೆ ಕಂಪನಿಗಳು ಹಣ ಕೊಡಬೇಕು.

ಕೆಲವೊಮ್ಮೆ ಬಳಕೆದಾರರೇ ವಸ್ತುವಿನ ಉದ್ದೇಶ ಬದಲಿಸುತ್ತಾರೆ. ಕೀನ್ಯಾದ ಎಂ-ಪೇಸಾ 2005ರಲ್ಲಿ ಪ್ರಯೋಗಕ್ಕಿಳಿದದ್ದು ಕಿರುಸಾಲದ ಕಂತನ್ನು ಫೋನಿನಲ್ಲಿ ಕಟ್ಟಿಸಿಕೊಳ್ಳಲು. ಜನ ಅದರಲ್ಲಿ ಒಬ್ಬರಿಗೊಬ್ಬರು ಹಣ ಕಳಿಸತೊಡಗಿದರು. ಕಂಪನಿ ಹಟ ಹಿಡಿಯಲಿಲ್ಲ. 2007ರಲ್ಲಿ ಮನೆಗೆ ಹಣ ಕಳಿಸುವ ಸೇವೆಯಾಗಿಯೇ ಅದನ್ನು ಬಿಡುಗಡೆ ಮಾಡಿತು. ನಮ್ಮದೇ ಕರಾವಳಿಯ ದಕ್ಷಿಣಕ್ಕೆ, ಕೇರಳದ ಕಾಸರಗೋಡಿನಿಂದ ಕೋಳಿಕ್ಕೋಡಿನವರೆಗೆ, 1997ರ ನಂತರ ಮೊಬೈಲ್ ಬಂದಾಗ ಆದದ್ದೂ ಇಂಥದೇ. ಟವರುಗಳ ಸಿಗ್ನಲ್ ಕಡಲಿನ ಮೇಲೆ 20–25 ಕಿಲೋಮೀಟರ್ ಹೋಗುತ್ತಿತ್ತು. ಕಾರವಾರದವರು ತಾರ್ಲೆ ಎನ್ನುವ, ಮಂಗಳೂರಿನವರು ಬೂತಾಯಿ ಎನ್ನುವ ಮೀನು ತುಂಬಿಕೊಂಡ ದೋಣಿಗಳು ದಡಕ್ಕೆ ಬರುವ ಮೊದಲೇ ಯಾವ ಪೇಟೆಯಲ್ಲಿ ದರ ಇದೆ ಎಂದು ಕೇಳಿಕೊಂಡವು. ಅದಕ್ಕೂ ಮೊದಲು, ಕೊಳ್ಳುವವರಿಲ್ಲದೆ ಹಿಡಿದದ್ದರಲ್ಲಿ ಶೇಕಡಾ 5ರಿಂದ 8ರಷ್ಟು ಹಾಳಾಗುತ್ತಿದ್ದದ್ದು ಬಹುತೇಕ ನಿಂತೇಹೋಯಿತು ಎಂದು ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ 2007ರಲ್ಲಿ ತೋರಿಸಿದರು.

ಕಳೆದ ಕೊಯ್ಲಿಗೆ ಅಳಿಯ ಮತ್ತೆ ಬಂದಿದ್ದ, ಒಬ್ಬನೇ. ಲ್ಯಾಪ್‌ಟಾಪ್ ಚೀಲದಿಂದ ಹೊರಗೆ ಬರಲಿಲ್ಲ. ಬೆಳಗ್ಗೆ ಹಗ್ಗ ಹಿಡಿಯಲು ನಿಂತ. ಗಟ್ಟಿ ಎಳೆದು ಹಿಡಿದದ್ದಕ್ಕೆ ಮೇಲಿನಿಂದ “ಸ್ವಲ್ಪ ಸಡಿಲ ಬಿಡು ತಮ್ಮಾ” ಎಂದು ಎರಡು ಸಲ ಹೇಳಿಸಿಕೊಂಡ. ರಾತ್ರಿ ಸುಲಿಯುವವರ ನಡುವೆ ಕುಳಿತು ಬೆರಳು ಕೊಯ್ದುಕೊಂಡ. ಅವರೆಲ್ಲ ಎದ್ದುಹೋದ ಮೇಲೆ ಕೇಳಿದ, “ಮಾವ, ಯಾರು ಎಷ್ಟು ಸುಲಿದರು, ಯಾರಿಗೆ ಎಷ್ಟು ಮುಂಗಡ ಹೋಗಿದೆ, ಇದನ್ನೆಲ್ಲ ಎಲ್ಲಿ ಬರೆಯುತ್ತೀರಿ?”

ನನ್ನ ಹೆಂಡತಿ ಅಡುಗೆಮನೆಯ ಗೋಡೆಯಿಂದ ಕ್ಯಾಲೆಂಡರ್ ಕಳಚಿ ತಂದು ಅವನ ಮುಂದೆ ಬೋರಲಾಗಿ ಇಟ್ಟಳು.