ಅವಳು ಹಾಗೆ ಮಾಡುವವಳಲ್ಲ

1935ರಲ್ಲಿ ಮೈಸೂರಿನ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಪ್ರಾಧ್ಯಾಪಕರೊಬ್ಬರು ರೇಡಿಯೋ ಪ್ರಸಾರ ಶುರುಮಾಡಿದರು. ಅವರು ಎಂ. ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಓದಿ ಬಂದು, 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು. ಆ ಬಾನುಲಿ ಕೇಂದ್ರವೇ 'ಆಕಾಶವಾಣಿ'. ಕಾಣದ ಒಬ್ಬರ ದನಿ ದಿನವೂ ಮನೆಯೊಳಗೆ ಬಂದು ಮಾತಾಡಿದರೆ ಕೇಳುವವರ ಪಾಲಿಗೆ ಆ ದನಿ ಮನೆಯವರದ್ದೇ ಆಗಿಬಿಡುತ್ತದೆ. ಇದನ್ನು ಅಂದಿನ ಮೈಸೂರಿನವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಇದಾದ ಆರು ವರ್ಷಕ್ಕೆ, 1941ರ ಕೊನೆಯಲ್ಲಿ, ಅಮೆರಿಕದಲ್ಲಿ ಇನ್ನೊಬ್ಬ ಮನಶ್ಶಾಸ್ತ್ರಜ್ಞ, ವಿಲಿಯಂ ಮೌಲ್ಟನ್ ಮಾರ್ಸ್ಟನ್, ಒಬ್ಬ ಕಾಮಿಕ್ಸ್ ನಾಯಕಿಯನ್ನು ಸೃಷ್ಟಿಸಿದ. ಸುಳ್ಳು ಹೇಳುವಾಗ ರಕ್ತದೊತ್ತಡ ಏರುತ್ತದೆಯೇ ಎಂದು ಪರೀಕ್ಷಿಸುವ ವಿಧಾನವನ್ನು ರೂಪಿಸಿದವನು ಇವನೇ. ಸುಳ್ಳುಪತ್ತೆ ಯಂತ್ರದ ಚರಿತ್ರೆಯಲ್ಲಿ ಅವನಿಗೊಂದು ಜಾಗವಿದೆ. ಅವನ ನಾಯಕಿ ಡಯಾನಾ, ಅಂದರೆ ವಂಡರ್ ವುಮನ್. ಅವಳ ಸೊಂಟದಲ್ಲಿ ತೂಗುವ ಹಗ್ಗಕ್ಕೆ ಸಿಕ್ಕಿಬಿದ್ದವರು ಮಾತು ಕೇಳಲೇಬೇಕು, ನಿಜ ನುಡಿಯಲೇಬೇಕು. ಮಾರ್ಸ್ಟನ್ 1947ರಲ್ಲಿ ತೀರಿಕೊಂಡ. ಅವಳು ಮಾತ್ರ ನಡುವೆ ಒಂದು ಸಣ್ಣ ವಿರಾಮ ಬಿಟ್ಟರೆ ಇಂದಿನವರೆಗೂ ಅಚ್ಚಾಗುತ್ತಲೇ ಇದ್ದಾಳೆ.

ಇಷ್ಟು ಕಾಲ ಒಬ್ಬಳನ್ನು ಜೀವಂತವಾಗಿಟ್ಟವರು ಯಾರು? ಬರೆದವರು ಎನ್ನುವಂತಿಲ್ಲ. ಬರೆಯುವವರು, ಚಿತ್ರ ಬಿಡಿಸುವವರು, ಸಂಪಾದಕರು ಎಲ್ಲರೂ ಬದಲಾಗುತ್ತಾ ಬಂದರು. ಅವಳ ಹುಟ್ಟಿನ ಕಥೆಯೂ ಒಂದೇ ಆಗಿ ಉಳಿದಿಲ್ಲ. ಮೊದಲ ಕಥೆಯಲ್ಲಿ ರಾಣಿ ಹಿಪೊಲಿಟಾ ಜೇಡಿಮಣ್ಣಿನಲ್ಲಿ ಮಗುವಿನ ಬೊಂಬೆ ಮಾಡುತ್ತಾಳೆ, ಅದಕ್ಕೆ ದೈವಕೃಪೆಯಿಂದ ಜೀವ ಬರುತ್ತದೆ. ಗೌರಿ ಮೈಯ ಮಣ್ಣಿನಿಂದ ಗಣಪನನ್ನು ಮಾಡಿದ ಕಥೆ ಕೇಳಿ ಬೆಳೆದ ನಮಗೆ ಇದು ತೀರಾ ಹತ್ತಿರದ್ದು. 2011ರಲ್ಲಿ ಪ್ರಕಾಶಕರು ಆ ಮಣ್ಣಿನ ಕಥೆಯನ್ನು ಕೈಬಿಟ್ಟು ಅವಳನ್ನು ಗ್ರೀಕ್ ಪುರಾಣದ ಜ್ಯೂಸ್ ದೇವನ ಮಗಳಾಗಿಸಿದರು. 1968ರಲ್ಲಂತೂ ಅವಳ ಶಕ್ತಿಯನ್ನೆಲ್ಲ ಕಿತ್ತುಕೊಂಡು, ಬಿಳಿ ಉಡುಪು ತೊಡಿಸಿ, ಬಟ್ಟೆ ಅಂಗಡಿ ಇಟ್ಟುಕೊಂಡ ಸಾಧಾರಣ ಹೆಂಗಸಾಗಿ ಮಾಡಿದ್ದರು. ಇಷ್ಟೆಲ್ಲ ಆದರೂ ಓದುಗರು ಅವಳನ್ನು 'ಅವಳೇ' ಎಂದು ಗುರುತಿಸುತ್ತಾರೆ. ಈ ಗುರುತು ಹಿಡಿಯುವ ಕೆಲಸ ನಡೆಯುವುದು ಓದುಗರ ತಲೆಯಲ್ಲಿ. ಅಭಿಮಾನದ ಬೇರು ಅಲ್ಲಿದೆ ಎಂಬುದು ನನ್ನ ನಂಬಿಕೆ, ಮನಶ್ಶಾಸ್ತ್ರದ ಕೆಲವು ಒಳ್ಳೆಯ ಪ್ರಯೋಗಗಳೂ ಅತ್ತಲೇ ಬೆರಳು ತೋರಿಸುತ್ತವೆ.

ಮಂಡ್ಯದ ಗುತ್ತಲು ರಸ್ತೆಯಲ್ಲಿ ಒಂದು ಜೆರಾಕ್ಸ್ ಅಂಗಡಿಯಿದೆ. ಅದನ್ನು ನಡೆಸುವ ಹೆಣ್ಣುಮಗಳು ಹೈಸ್ಕೂಲಿನಿಂದಲೂ ಡಯಾನಾಳ ಓದುಗರು. ಮೈಸೂರಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಹುಡುಕಿ ತಂದ ಸಂಚಿಕೆಗಳನ್ನು ಎ4 ಹಾಳೆಯ ಖಾಲಿ ಡಬ್ಬಗಳಲ್ಲಿ, ಹುಳ ಹಿಡಿಯದಂತೆ ಬೇವಿನ ಸೊಪ್ಪಿಟ್ಟು ಕಾಪಾಡಿಕೊಂಡಿದ್ದಾರೆ. ಪಹಣಿ, ಆಧಾರ್ ಕಾರ್ಡು ಎಂದು ಬಂದವರಿಗೆ ಪ್ರತಿ ತೆಗೆದುಕೊಡುತ್ತಲೇ ನನಗೊಂದು ಪುಟ ತೆರೆದು ತೋರಿಸಿದರು. ಅದು 2005ರ ಕಥೆ. ಮ್ಯಾಕ್ಸ್‌ವೆಲ್ ಲಾರ್ಡ್ ಎಂಬ ಖಳ ಸೂಪರ್‌ಮ್ಯಾನ್‌ನ ಮನಸ್ಸನ್ನೇ ವಶಪಡಿಸಿಕೊಂಡಿದ್ದಾನೆ. ಡಯಾನಾ ಅವನನ್ನು ಸತ್ಯದ ಹಗ್ಗದಲ್ಲಿ ಬಿಗಿದು, ಇದನ್ನು ನಿಲ್ಲಿಸುವ ದಾರಿ ಯಾವುದು ಎಂದು ಕೇಳುತ್ತಾಳೆ. ನನ್ನನ್ನು ಕೊಲ್ಲುವುದೊಂದೇ ದಾರಿ ಎಂದು ಅವನು ಹೇಳುತ್ತಾನೆ. ಹಗ್ಗದೊಳಗೆ ಸುಳ್ಳು ಸಾಧ್ಯವಿಲ್ಲ. ಅವಳು ಅವನ ಕತ್ತು ಮುರಿಯುತ್ತಾಳೆ.

ಆ ಪುಟದ ಅಂಚು ತಿರುವಿ ತಿರುವಿ ಮೆತ್ತಗಾಗಿತ್ತು. "ಬಟ್ಟೆ ಬದ್ಲಾಯ್ಸ್ಲಿ ಸಾ, ಅಪ್ಪನ್ನೇ ಬೇಕಾರೆ ಬದ್ಲಾಯ್ಸ್ಲಿ, ನಂಗೇನಿಲ್ಲ. ಇದ್ ಮಾತ್ರ ಒಪ್ಪಕಾಗಕಿಲ್ಲ. ಅವ್ಳು ಅಂಗ್ ಮಾಡೋಳಲ್ಲ" ಎಂದರು. ತಮ್ಮ ನಾದಿನಿಯ ಮೇಲೆ ಯಾರೋ ಅಪವಾದ ಹೊರಿಸಿದಾಗ ಬರುವಂಥ ದನಿ ಅದು. ಕಥೆಯೊಳಗೂ ಸೂಪರ್‌ಮ್ಯಾನ್ ಮತ್ತು ಬ್ಯಾಟ್‌ಮ್ಯಾನ್ ಅವಳಿಂದ ದೂರ ಸರಿಯುತ್ತಾರೆ.

ಮನುಷ್ಯರೇ ಅಲ್ಲದವರ ಬಗ್ಗೆ ಇಷ್ಟು ಖಚಿತವಾಗಿ ಹೀಗೆ ಹೇಳುವುದು ಹೇಗೆ ಸಾಧ್ಯ? 1944ರಲ್ಲಿ ಫ್ರಿಟ್ಸ್ ಹೈಡರ್ ಮತ್ತು ಮೇರಿಯಾನ್ ಸಿಮೆಲ್ ಒಂದು ಪುಟ್ಟ ಚಲನಚಿತ್ರ ಮಾಡಿ ಕಾಲೇಜು ವಿದ್ಯಾರ್ಥಿನಿಯರಿಗೆ ತೋರಿಸಿದರು. ಅದರಲ್ಲಿ ಇದ್ದದ್ದು ಒಂದು ದೊಡ್ಡ ತ್ರಿಕೋನ, ಒಂದು ಸಣ್ಣ ತ್ರಿಕೋನ, ಒಂದು ವೃತ್ತ, ಬಾಗಿಲಿರುವ ಒಂದು ಚೌಕಟ್ಟು, ಅಷ್ಟೇ. ಆಕೃತಿಗಳು ಅತ್ತಿತ್ತ ಓಡಾಡುತ್ತವೆ. ಕಂಡದ್ದನ್ನು ಬರೆಯಿರಿ ಎಂದಾಗ 34 ಜನರಲ್ಲಿ ಒಬ್ಬಳು ಮಾತ್ರ ರೇಖಾಗಣಿತದ ಮಾತಿನಲ್ಲಿ ಬರೆದಳು. ಉಳಿದವರಿಗೆ ಕಂಡದ್ದು ಜೀವಿಗಳು. ದೊಡ್ಡ ತ್ರಿಕೋನ ಜಗಳಗಂಟ, ವೃತ್ತ ಹೆದರಿದ ಹುಡುಗಿ, ಸಣ್ಣದು ಅವಳನ್ನು ಕಾಯುವ ಧೀರ. ಕಣ್ಣು ಮೂಗು ಒಂದೂ ಇಲ್ಲದ ಗೆರೆಗಳಲ್ಲೇ ನಮ್ಮ ಮಿದುಳು ಆಸೆ, ಭಯ, ಉದ್ದೇಶಗಳನ್ನು ಕಾಣುತ್ತದೆ. ಅಂದಮೇಲೆ ಹುಬ್ಬು ಗಂಟಿಕ್ಕಿ ಮಾತಾಡುವ ಡಯಾನಾಳಲ್ಲಿ ಒಬ್ಬ ವ್ಯಕ್ತಿಯನ್ನು ಕಾಣದಿದ್ದರೆ ಅದೇ ಅಚ್ಚರಿ.

ಕಾಮಿಕ್ಸ್ ಈ ಕೆಲಸವನ್ನು ಇನ್ನೂ ಹೆಚ್ಚು ಮಾಡಿಸುತ್ತದೆ. ಒಂದು ಚೌಕದಲ್ಲಿ ಕೈ ಎತ್ತಿದ್ದಾಳೆ, ಮುಂದಿನದರಲ್ಲಿ ಖಳ ನೆಲಕ್ಕೆ ಬಿದ್ದಿದ್ದಾನೆ. ಏಟು ಎಲ್ಲೂ ಚಿತ್ರವಾಗಿಲ್ಲ. ಎರಡು ಚೌಕಗಳ ನಡುವಿನ ಬಿಳಿ ಜಾಗದಲ್ಲಿ ಆ ಏಟನ್ನು ಕೊಟ್ಟವರು ನಾವು. ಅವಳ ದನಿ ಹೇಗಿದೆ, ಎಷ್ಟು ಹೊತ್ತು ಸುಮ್ಮನಿದ್ದಳು, ಉಸಿರು ಎಳೆದುಕೊಂಡಳೇ ಎಂಬುದನ್ನೆಲ್ಲ ಓದುಗರೇ ತುಂಬಿಕೊಳ್ಳುತ್ತಾರೆ. ಹೀಗೆ ವರ್ಷಗಟ್ಟಲೆ ಅವಳ ಪರವಾಗಿ ಉಸಿರಾಡಿದವರಿಗೆ ಅವಳ ಸ್ವಭಾವ ಗೊತ್ತಿರುವುದು ಸಹಜ.

1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬಿಬ್ಬರು ರೇಡಿಯೋ, ಟಿವಿ, ಸಿನಿಮಾಗಳ ಮೂಲಕ ಬೆಳೆಯುವ ಇಂಥ ಒಮ್ಮುಖ ನಂಟಿನ ಬಗ್ಗೆ ಒಂದು ಪ್ರಬಂಧ ಬರೆದರು. ನಮಗೆ ಅವರು ಗೊತ್ತು, ಅವರಿಗೆ ನಾವು ಗೊತ್ತಿಲ್ಲ, ಆದರೂ ಅದು ಗೆಳೆತನದಂತೆಯೇ ಬೆಳೆಯುತ್ತದೆ. ಇದು ಒಂಟಿಗಳ ಕಾಯಿಲೆ, ಕಲ್ಪನೆ ಮತ್ತು ವಾಸ್ತವದ ಗೊಂದಲ ಎಂದು ಮೂಗು ಮುರಿಯುವವರು ಇಂದಿಗೂ ಇದ್ದಾರೆ. ಅದು ತಪ್ಪು ತಿಳಿವಳಿಕೆ. ಎಳೆಯ ಮಕ್ಕಳಿಗೇ ಈ ಗೊಂದಲವಿಲ್ಲ. ಬ್ಯಾಟ್‌ಮ್ಯಾನ್ ನಿಜವಲ್ಲ ಎಂದಷ್ಟೇ ಅಲ್ಲ, ಬ್ಯಾಟ್‌ಮ್ಯಾನ್‌ನ ಪಾಲಿಗೆ ಇನ್ನೊಂದು ಕಾರ್ಟೂನಿನ ಸ್ಪಾಂಜ್‌ಬಾಬ್ ನಿಜವಲ್ಲ, ಏಕೆಂದರೆ ಅವರದ್ದು ಬೇರೆ ಬೇರೆ ಲೋಕ ಎಂಬಷ್ಟು ಸೂಕ್ಷ್ಮ ಕೂಡ ಅವರಿಗೆ ತಿಳಿದಿರುತ್ತದೆ ಎಂದು ಡೀನಾ ಸ್ಕೋಲ್ನಿಕ್ ಮತ್ತು ಪಾಲ್ ಬ್ಲೂಮ್ 2006ರಲ್ಲಿ ತೋರಿಸಿದರು.

ಗೊಂದಲವಿಲ್ಲದೆಯೂ ನಂಟು ಆಳವಾಗಿರಬಹುದು. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದ ಟಿಮತಿ ಬ್ರೂಮ್, ಡಿಲನ್ ವ್ಯಾಗ್ನರ್ ಮತ್ತು ಸಂಗಡಿಗರು 'ಗೇಮ್ ಆಫ್ ಥ್ರೋನ್ಸ್' ಟಿವಿ ಸರಣಿಯ 19 ಅಭಿಮಾನಿಗಳನ್ನು ಮಿದುಳಿನ ಸ್ಕ್ಯಾನರಿನಲ್ಲಿ ಮಲಗಿಸಿದರು. ನೀವು ಎಂಥವರು, ನಿಮ್ಮ ಗೆಳೆಯರು ಎಂಥವರು, ಸರಣಿಯ ಈ ಪಾತ್ರ ಎಂಥದ್ದು ಎಂದು ಗುಣಗಳನ್ನು ಹೇಳಿ ಕೇಳಿದರು. ಹಣೆಯ ಹಿಂದಿರುವ ಮಿದುಳಿನ ಒಂದು ಭಾಗ ನಾವು ನಮ್ಮ ಬಗ್ಗೆಯೇ ಯೋಚಿಸುವಾಗ ಚುರುಕಾಗುತ್ತದೆ. ಪಾತ್ರಗಳೊಳಗೆ ಹೊಕ್ಕು ಕಥೆ ಅನುಭವಿಸುವ ಸ್ವಭಾವದವರಲ್ಲಿ, ಪಾತ್ರದ ಬಗ್ಗೆ ಯೋಚಿಸುವಾಗ ಅಲ್ಲಿ ಕಂಡ ಚಟುವಟಿಕೆಯ ಮಾದರಿ ತಮ್ಮ ಬಗ್ಗೆ ಯೋಚಿಸುವಾಗಿನದಕ್ಕೆ ಹೆಚ್ಚು ಹತ್ತಿರವಿತ್ತು. ಇದು 2021ರ ಫಲಿತಾಂಶ. 2023ರಲ್ಲಿ ಬ್ರೂಮ್ ಮತ್ತು ವ್ಯಾಗ್ನರ್ ಇನ್ನೊಂದು ಸಂಗತಿಯನ್ನು ಹೇಳಿದರು. ಒಂಟಿತನ ಹೆಚ್ಚಿರುವವರ ಮಿದುಳಿನಲ್ಲಿ ನಿಜದ ಗೆಳೆಯರಿಗೂ ಪಾತ್ರಗಳಿಗೂ ನಡುವಿನ ಗಡಿ ಮಸುಕಾಗಿರುತ್ತದೆ. ಹಾಗಾದರೆ ಮೂಗು ಮುರಿದವರ ಮಾತೇ ನಿಜವಾಯಿತೇ? ನಾನು ಇದನ್ನು ಬೇರೆಯಾಗಿ ಓದುತ್ತೇನೆ. ಹಸಿದವರಿಗೆ ಊಟದ ರುಚಿ ಹೆಚ್ಚು ಎಂದ ಮಾತ್ರಕ್ಕೆ ಊಟವೇ ರೋಗವಾಗುವುದಿಲ್ಲ. 19 ಜನ ಎಂಬುದು ಸಣ್ಣ ಸಂಖ್ಯೆ ಎಂಬುದನ್ನೂ ನೆನಪಿಡಬೇಕು.

ಇನ್ನು ಕಾಲದ ವಿಚಾರ. ಮತ್ತೆ ಮತ್ತೆ ಕಂಡದ್ದು ಬರಿಯ ಕಂಡಷ್ಟಕ್ಕೇ ಇಷ್ಟವಾಗುತ್ತದೆ ಎಂದು ರಾಬರ್ಟ್ ಜಾಯನ್ಸ್ 1968ರಲ್ಲಿ ಅರ್ಥವಿಲ್ಲದ ಪದಗಳನ್ನೂ ಅಪರಿಚಿತರ ಮುಖಗಳನ್ನೂ ತೋರಿಸಿ ಸಾಧಿಸಿದ. ತಿಂಗಳಿಗೊಮ್ಮೆ ಬರುವ ಸಂಚಿಕೆಯಲ್ಲಿ ಅದಕ್ಕಿಂತ ಹೆಚ್ಚಿನದಿದೆ, ಕಾಯುವಿಕೆ ಇದೆ. ಮುಂದಿನ ತಿಂಗಳವರೆಗೆ ಅವಳ ಗತಿ ಏನಾಯಿತೋ ಎಂದು ಓದುಗರು ತಲೆಯಲ್ಲೇ ಕಥೆ ನಡೆಸುತ್ತಿರುತ್ತಾರೆ. ಆ ಎಳೆ ಕಡಿದುಹೋದರೆ ನೋವಾಗುವುದೂ ಸುಳ್ಳಲ್ಲ. ಮೆಚ್ಚಿನ ಪಾತ್ರ ಇನ್ನು ಟಿವಿಯಲ್ಲಿ ಬರುವುದಿಲ್ಲವೆಂದಾದರೆ ಏನನ್ನಿಸುತ್ತದೆ ಎಂದು ಜೊನಾಥನ್ ಕೊಹೆನ್ 2004ರಲ್ಲಿ ಇಸ್ರೇಲಿನ ವೀಕ್ಷಕರನ್ನು ಕೇಳಿದ. ನಿಜದ ಸಂಬಂಧಗಳಲ್ಲಿ 'ಬಿಟ್ಟುಹೋದಾರು' ಎಂದು ಆತಂಕಪಡುವವರೇ ಇಲ್ಲೂ ಹೆಚ್ಚು ನೊಂದುಕೊಳ್ಳುತ್ತೇವೆ ಎಂದರು. ನಂಟಿಗೆಂದು ಮಿದುಳಿನಲ್ಲಿ ಎರಡು ಬೇರೆ ಬೇರೆ ಅಂಗಡಿಗಳಿಲ್ಲ.

ಈಗ ಕತ್ತು ಮುರಿದ ಪುಟಕ್ಕೆ ಬರೋಣ. ಅಪ್ಪ ಬದಲಾದರೆ ಸರಿ, ಕೊಲೆ ಮಾಡಿದರೆ ಸರಿಯಲ್ಲ, ಯಾಕೆ? ಒಬ್ಬ ವ್ಯಕ್ತಿ 'ಅದೇ ವ್ಯಕ್ತಿ' ಆಗಿ ಉಳಿಯಲು ಏನು ಉಳಿಯಬೇಕು ಎಂದು ನೀನಾ ಸ್ಟ್ರೋಮಿಂಗರ್ ಮತ್ತು ಶಾನ್ ನಿಕೋಲ್ಸ್ 2014ರಲ್ಲಿ ಜನರನ್ನು ಕೇಳಿದರು. ನೆನಪು, ಬುದ್ಧಿ, ಅಭಿರುಚಿ ಎಲ್ಲಕ್ಕಿಂತ ಮೇಲೆ ಬಂದದ್ದು ನೈತಿಕ ಗುಣ. ಮರುವರ್ಷ ಅವರು ಮಿದುಳು ಬರಬರುತ್ತಾ ಸವೆಯುವ ರೋಗಗಳಿಂದ ಬಳಲುವವರ ಮನೆಯವರನ್ನು ಮಾತಾಡಿಸಿದರು. ಆಲ್ಜೈಮರ್ ಬಂದು ನೆನಪು ಹೋದವರ ಬಗ್ಗೆ ಮನೆಯವರು 'ಇವರು ನಮ್ಮವರೇ' ಎನ್ನುವುದು ಹೆಚ್ಚು. ಮಿದುಳಿನ ಮುಂಭಾಗವನ್ನು ಸವೆಸುವ ರೋಗ ಬಂದು ಕರುಣೆ, ಪ್ರಾಮಾಣಿಕತೆ ಮಾಯವಾದವರ ಬಗ್ಗೆ 'ಇವರು ಬೇರೆ ಯಾರೋ ಆಗಿಬಿಟ್ಟರು' ಎನ್ನುವುದು ಹೆಚ್ಚು. ಗುತ್ತಲು ರಸ್ತೆಯಲ್ಲಿ ನಾನು ಕೇಳಿದ ತೀರ್ಪೂ ಇದೇ ಜಾತಿಯದು.

ಮಂಡ್ಯದ ಸುತ್ತಿನ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ನಾಟಕ ಆಡುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಈ ವರ್ಷ ದುರ್ಯೋಧನ ಹಾಲಿನ ಡೇರಿಯವನು, ಮುಂದಿನ ವರ್ಷ ಪಂಚಾಯ್ತಿ ಮೆಂಬರು. ಕಿರೀಟ, ಕಂಠ, ಮೈಕಟ್ಟು ಎಲ್ಲ ಬೇರೆ. ಹಾರ್ಮೋನಿಯಂ ಮೇಷ್ಟ್ರು ರಾಗ ಬದಲಿಸಿದರೂ ಜನ ಸಹಿಸುತ್ತಾರೆ. ಆದರೆ ದುರ್ಯೋಧನ ಛಲ ಬಿಟ್ಟವನಂತೆ ನಿಂತರೆ ಚಾಪೆ ಮೇಲೆ ಕೂತ ಅಜ್ಜಿಯೂ ಎದ್ದು ಬಯ್ಯುತ್ತಾಳೆ. ಪಾತ್ರ ಇರುವುದು ಅವಳ ಹತ್ತಿರ, ನಟನಿಗೆ ಅದು ಒಂದು ರಾತ್ರಿಯ ಮಟ್ಟಿಗೆ ಸಿಕ್ಕಿದೆ.

ಹೀಗೆ ಪಾತ್ರವನ್ನು ಕಾಪಾಡಿಕೊಂಡವರಲ್ಲಿ ಅಮೆರಿಕದ ಸ್ತ್ರೀವಾದಿ ಲೇಖಕಿ ಗ್ಲೋರಿಯಾ ಸ್ಟೈನಂ ಪ್ರಸಿದ್ಧರು. 1934ರಲ್ಲಿ ಹುಟ್ಟಿದ ಅವರು ಹುಡುಗಿಯಾಗಿದ್ದಾಗ ಡಯಾನಾಳನ್ನು ಓದಿ ಬೆಳೆದವರು. 1972ರಲ್ಲಿ ತಮ್ಮ 'ಮಿಸ್' ಪತ್ರಿಕೆಯ ಜುಲೈ ಸಂಚಿಕೆಯ ಮುಖಪುಟದಲ್ಲಿ ಅವಳನ್ನು ಹಳೆಯ ಉಡುಪಿನಲ್ಲಿ, ಹಳೆಯ ಶಕ್ತಿಯೊಂದಿಗೆ, ಊರಿನ ಮೇಲೆ ಹೆಜ್ಜೆ ಹಾಕುತ್ತಿರುವಂತೆ ನಿಲ್ಲಿಸಿದರು. ಮುಂದಿನ ವರ್ಷ ಕಾಮಿಕ್ಸ್‌ನಲ್ಲೂ ಅವಳಿಗೆ ಶಕ್ತಿ ಮರಳಿತು.

ನೈತಿಕ ಗುಣದ ಸಿದ್ಧಾಂತ ಎಲ್ಲವನ್ನೂ ವಿವರಿಸುವುದಿಲ್ಲ. ಬ್ಯಾಟ್‌ಗರ್ಲ್ ಎಂಬ ಇನ್ನೊಬ್ಬ ಕಾಮಿಕ್ಸ್ ನಾಯಕಿಯಾಗಿದ್ದ ಬಾರ್ಬರಾ ಗಾರ್ಡನ್‌ಗೆ 1988ರ ಒಂದು ಕಥೆಯಲ್ಲಿ ಗುಂಡೇಟು ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಮರುವರ್ಷ ಕಿಮ್ ಯೇಲ್ ಮತ್ತು ಜಾನ್ ಆಸ್ಟ್ರಾಂಡರ್ ದಂಪತಿ ಅವಳನ್ನು ಗಾಲಿಕುರ್ಚಿಯಲ್ಲಿ ಕೂತೇ ವೀರರಿಗೆಲ್ಲ ಮಾಹಿತಿ ಒದಗಿಸುವ 'ಆರಕಲ್' ಆಗಿ ಬರೆದರು. 2011ರಲ್ಲಿ ಪ್ರಕಾಶಕರು ಅವಳನ್ನು ಮತ್ತೆ ಎದ್ದು ನಡೆಯುವಂತೆ ಮಾಡಿದಾಗ, ಗಾಲಿಕುರ್ಚಿ ಬಳಸುವ ಎಷ್ಟೋ ಓದುಗರು ಬೇಸರಪಟ್ಟರು. ಅವಳ ಒಳ್ಳೆಯತನ ಹಾಗೇ ಇತ್ತು. ಕಳೆದುಹೋದದ್ದು ತಮ್ಮಂಥ ಒಬ್ಬಳು. ಆ ಬೇಸರ ನ್ಯಾಯವಾದದ್ದೆಂದೇ ನಾನು ತಿಳಿದಿದ್ದೇನೆ.

ಆ ಹೊಸ ಕಥೆ ಬರೆಯುವ ಹೊಣೆ ಬಿದ್ದದ್ದು ಗೇಲ್ ಸಿಮೋನ್ ಮೇಲೆ. ಅವರು ಮೊದಲಿಗೆ ಓದುಗರು, ವೃತ್ತಿಯಲ್ಲಿ ಕೇಶವಿನ್ಯಾಸಕಿ. ಕಥೆಯಲ್ಲಿ ಗಂಡಸರ ಸಿಟ್ಟೆಬ್ಬಿಸಲೆಂದೇ ಕೊಲೆಯಾದ, ಅಂಗಹೀನರಾದ ನಾಯಕಿಯರ ಪಟ್ಟಿಯೊಂದನ್ನು 1999ರಲ್ಲಿ ಹೊರತಂದಿದ್ದರು. ಬಾರ್ಬರಾಳ ಹೆಸರೂ ಅದರಲ್ಲಿತ್ತು. 2007ರಿಂದ ಕೆಲವು ವರ್ಷ ಡಯಾನಾಳ ಕಥೆಯನ್ನೂ ಅವರೇ ಬರೆದಿದ್ದರು. ಬಾರ್ಬರಾಳನ್ನು ಎಬ್ಬಿಸಿ ನಿಲ್ಲಿಸಬೇಕಾಗಿ ಬಂದಾಗ ಸಿಮೋನ್ ಅವಳ ಕುರ್ಚಿಯ ವರ್ಷಗಳನ್ನು ಕಥೆಯಿಂದ ಅಳಿಸಲಿಲ್ಲ. ಮೊದಲ ಸಂಚಿಕೆಯಲ್ಲೇ ಒಬ್ಬ ಖಳ ಪಿಸ್ತೂಲನ್ನು ಸರಿಯಾಗಿ ಹಿಂದೆ ಗುಂಡು ಹೊಕ್ಕ ಜಾಗಕ್ಕೇ ಗುರಿಯಿಡುತ್ತಾನೆ. ಬಾರ್ಬರಾಳ ಕೈಕಾಲು ಆಡುವುದಿಲ್ಲ, ಎದುರಿಗಿದ್ದ ಕೊಲೆಗಾರನನ್ನು ಅವಳು ತಡೆಯಲಾರದೆ ಹೋಗುತ್ತಾಳೆ.