ಬಿಟ್ಟ ಸ್ಟೇರಿಂಗ್ ಮತ್ತ ಹಿಡದವರ ಕಥಿ: ಲೌಡಾನಿಂದ ಅಲೊನ್ಸೊತನಕ

ನಮ್ಮ ಸೋದರಮಾವ ಜಮಖಂಡಿ ತಾಲೂಕಿನ್ಯಾಗ ಒಂದ್ಕಾಲಕ್ಕ ಟ್ರ್ಯಾಕ್ಟರ್ ರಿವರ್ಸ್ ಸ್ಪರ್ಧೆಕ್ಕ ಹೆಸರಾದ ಮನಷ್ಯಾ. ಗೊತ್ತಿಲ್ಲದವರಿಗೆ ಹೇಳ್ತೀನಿ, ನಮ್ಮ ಕಡೆ ಜಾತ್ರಿ ಬಂತಂದ್ರ ತೆರಬಂಡಿ, ಖಾಲಿ ಗಾಡಾ ಶರ್ಯತ್ತು ಇದ್ದಂಗ ಇದೂ ಒಂದು, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಹಿಂದಕ್ಕ ಓಡಸಬೇಕು, ಗೆರಿ ದಾಟಬಾರದು, ಕಡಿಮಿ ಟೈಮಿನ್ಯಾಗ ಮುಗಿಸಿದಾಂವಗ ಬಹುಮಾನ. ಸ್ಟೇರಿಂಗ್ ಎಡಕ್ಕ ತಿರುವಿದ್ರ ಟ್ರೇಲರ್ ಬಲಕ್ಕ ಹೊಳ್ಳತೈತಿ, ತಲಿ ಒಂದ್ಕಡೆ ಕೈ ಒಂದ್ಕಡೆ. ಮಾಮಾ ಹನ್ನೆರಡು ವರ್ಷ ಬಿಟ್ಟಿದ್ದ, ಹೋದ ಜಾತ್ರ್ಯಾಗ ಯಾರಿಗೂ ಹೇಳ್ದ ಕೇಳ್ದ ಹೋಗಿ ಹೆಸರು ಬರಿಸಿ ಬಂದ, ವಯಸ್ಸು 52. ನಾಲ್ಕನೇ ನಂಬರ್ ಬಂದ. ಗೆದ್ದಾಂವ 22ರ ಹುಡುಗ, ಫ್ಯಾಕ್ಟರಿಗೆ ಕಬ್ಬು ಹೊಡಿಯೋ ಡ್ರೈವರ್, ಗೆದ್ದ ಮ್ಯಾಲ ಮಾಮಾನ ಕಾಲ ಮುಟ್ಟಿ ನಮಸ್ಕಾರ ಮಾಡಿದ, ಆಮ್ಯಾಲ "ಕಾಕಾ, ಮನ್ಯಾಗ ಭಾಳ ಬೇಜಾರಾಗಿತ್ತೇನ್ರೀ" ಅಂತ ಕೇಳೂ ಕೇಳಿದ.

ಇದನ್ನ ನಾನು ಬೆಳಗಾವ್ಯಾಗ ಉದ್ಯಮಬಾಗದ ನಮ್ಮ ಮಷಿನ್ ಶಾಪಿನ್ಯಾಗ ಹೇಳಿದ್ದ ತಪ್ಪಾತು. ನಮ್ಮ ಹುಡುಗ್ರು ರವಿವಾರ ಸಂಜಿಮುಂದ ಮೊಬೈಲ್‌ನ್ಯಾಗ ಫಾರ್ಮುಲಾ ಒನ್ ನೋಡೋ ಮಂದಿ, ಅಲ್ಲಿಂದ ಮಾತು ಸೀದಾ ಸ್ಪೇನಿನ ಡ್ರೈವರ್ ಫರ್ನಾಂಡೊ ಅಲೊನ್ಸೊನ ಮ್ಯಾಲ ಹೋತು. 44 ತುಂಬಿದ ಮ್ಯಾಲ ಯಾಕ ಇನ್ನೂ ಓಡಸ್ತಾನ, ಹುಡುಗ್ರಿಗೆ ಸೀಟ್ ಬಿಟ್ಟಕೊಡಬಾರದೇನು, ಹೋದಾಂವ ಹೊಳ್ಳಿ ಬಂದದ್ದರ ಯಾಕ. ಚಾ ಆರೋತನಕ ಜಗಳ. ಅವತ್ತ ಹೇಳಾಕ ಆಗದ್ದನ್ನ ಇಲ್ಲಿ ಬರಿಯಾಕತ್ತೀನಿ, ಯಾಕಂದ್ರ ಈ ಹೊಳ್ಳಿ ಬರೋ ಚಾಳಿ ಅಲೊನ್ಸೊನಿಂದ ಶುರು ಆದದ್ದಲ್ಲ, ಮತ್ತ ಎಲ್ಲಾರೂ ತಿಳ್ಕೊಂಡಂಗ ಇದು ಬರೇ ವಯಸ್ಸಿನ ಪ್ರಶ್ನೆನೂ ಅಲ್ಲ.

ಮೊದಲ ಒಂದು ಮಾತು. ಫಾರ್ಮುಲಾ ಒನ್ ಚಾಂಪಿಯನ್‌ಶಿಪ್ 1950ಕ್ಕ ಶುರು ಆದಾಗ ಓಡಸಾಕ ಬಂದವರೊಳಗ ಭಾಳ ಮಂದಿ ಹೊಳ್ಳಿ ಬಂದವರ. ಯುದ್ಧದಾಗ ರೇಸು ನಿಂತಿದ್ವು, ಇವರು ಯುದ್ಧದ ಮೊದಲ ಓಡಸಿದವರು. ಮೊದಲನೇ ಚಾಂಪಿಯನ್ ಫಾರಿನಾಗ ಆವಾಗ 43. ಮರುವರ್ಷ ಫ್ರೆಂಚ್ ರೇಸು ಫ್ಯಾಂಜಿಯೊನ ಜೋಡಿ ಕಾರು ಹಂಚ್ಕೊಂಡು ಗೆದ್ದ ಫಾಜಿಯೋಲಿಗೆ 53, ಆ ದಾಖಲೆ ಇನ್ನೂ ಯಾರೂ ಮುರದಿಲ್ಲ, ಮುರಿಯೂದೂ ಇಲ್ಲ ಅಂತ ನನಗ ಅನಸ್ತೈತಿ. ಫ್ಯಾಂಜಿಯೊ ಅಂತೂ 1952ರಾಗ ಮೊಂಜಾದಾಗ ಕುತ್ತಿಗಿ ಮುರಕೊಂಡು ಆ ವರ್ಷ ಪೂರಾ ಮನ್ಯಾಗ ಕುಂತ, 53ಕ್ಕ ಹೊಳ್ಳಿ ಬಂದ, ಆಮ್ಯಾಲ ಒಂದರ ಹಿಂದ ಒಂದು ನಾಲ್ಕು ಚಾಂಪಿಯನ್‌ಶಿಪ್. ಕಡೇದು 1957, ಆವಾಗ 46 ವಯಸ್ಸು, ಜರ್ಮನಿಯ ನೂರ್ಬರ್ಗ್‌ರಿಂಗ್‌ನ್ಯಾಗ ಪೆಟ್ರೋಲ್ ಟೈರ್ ಅಂತ ನಿಂತು ಹಿಂದ ಬಿದ್ದಾಂವ ಲ್ಯಾಪ್ ದಾಖಲೆ ಮ್ಯಾಲ ದಾಖಲೆ ಮುರದು ಮುಂದಿದ್ದ ಹಾಥಾರ್ನ್ (28), ಕಾಲಿನ್ಸ್ (25) ಇಬ್ಬರನ್ನೂ ಹಿಡದು ದಾಟಿ ಗೆದ್ದ. ಅಂದ್ರ ಆ ಕಾಲದಾಗ 40 ದಾಟಿದ್ದು ಒಂದು ಸುದ್ದಿನ ಆಗಿರಲಿಲ್ಲ.

"ರಿಟೈರ್ ಆಗಿ ಹೊಳ್ಳಿ ಬಂದ" ಅನ್ನೂದು ದೊಡ್ಡ ಕಥಿ ಆದದ್ದು ಆಸ್ಟ್ರಿಯಾದ ಡ್ರೈವರ್ ನಿಕಿ ಲೌಡಾನಿಂದ.

1976ರಾಗ ಕಾರಿಗೆ ಬೆಂಕಿ ಹತ್ತಿ ಮುಖ, ಶ್ವಾಸಕೋಶ ಸುಟ್ಟಕೊಂಡು ಆರು ವಾರಕ್ಕ ರೇಸಿಗೆ ಬಂದಾಂವ, ಅದು ಎಲ್ಲಾರಿಗೂ ಗೊತ್ತಿರೋ ಕಥಿ. ನನಗ ಅದಕ್ಕಿಂತ ಇಷ್ಟ ಆಗೂದು ಎರಡನೇ ಸಲ ಬಂದದ್ದು. 1979ರಾಗ ಕೆನಡಾ ರೇಸಿನ ಪ್ರಾಕ್ಟೀಸ್ ನಡದಾಗ, ಸಾಕಪ್ಪ ಗೋಲ್ ಗೋಲ್ ತಿರುಗೂದು ಅಂತ ಕಾರಿಂದ ಇಳದು ಮನಿಗೆ ಹೋದ. ಸ್ವಂತ ವಿಮಾನ ಕಂಪನಿ ಮಾಡಿದ. ಎರಡು ವರ್ಷ ರೇಸ್ ಕಾರಿನ ಹತ್ರ ಹೋಗಲಿಲ್ಲ, 1982ಕ್ಕ ಮೆಕ್ಲಾರೆನ್ ಟೀಮಿಗೆ ಬಂದ. ಬಂದ ಮೊದಲನೇ ರೇಸು ದಕ್ಷಿಣ ಆಫ್ರಿಕಾದಾಗ, ಅಲ್ಲಿ ಈ ಹಳೇ ಹುಲಿ ಮಾಡಿದ ಮೊದಲ ಕೆಲಸ ಸ್ಟ್ರೈಕು! ಹೊಸಾ ಲೈಸೆನ್ಸ್ ಫಾರ್ಮಿನ್ಯಾಗ ಡ್ರೈವರ್‌ನ ಒಂದ ಟೀಮಿಗೆ ಕಟ್ಟಿಹಾಕೋ ಷರತ್ತು ಇತ್ತು, ಹುಡುಗ್ರು ಓದದ ಸಹಿ ಹಾಕಿದ್ರು, ಇಂವಾ ಓದಿದ. ಡ್ರೈವರ್‌ಗಳನ್ನ ಬಸ್ಸಿನ್ಯಾಗ ಕುಂಡ್ರಿಸ್ಕೊಂಡು ಜೋಹಾನ್ಸ್‌ಬರ್ಗಿನ ಹೋಟೆಲ್ಲಿಗೆ ಹೋಗಿ ಒಂದ ಹಾಲಿನ್ಯಾಗ ಗಾದಿ ಹಾಕ್ಕೊಂಡು ಮಲಗಿದ್ರು, ಒಬ್ಬಿಬ್ಬರು ಪಿಯಾನೊ ಬಾರಿಸಿದ್ರು. ಮರುದಿನ ಮಾತುಕತಿ ಆಗಿ ರೇಸ್ ನಡೀತು. ಮೂರನೇ ರೇಸು ಲಾಂಗ್ ಬೀಚ್‌ದು, ಅಲ್ಲಿ ಗೆದ್ದ.

ಆದ್ರ ಖರೇ ಮಜಾ 1984ರಾಗ ಐತಿ. ಟೀಮಿಗೆ ಅಲೆನ್ ಪ್ರೋಸ್ಟ್ ಬಂದ, ಲೌಡಾನಕಿಂತ ಆರು ವರ್ಷ ಸಣ್ಣಾಂವ, ಒಂದು ಲ್ಯಾಪಿನ ಲೆಕ್ಕದಾಗ ಲೌಡಾನಕಿಂತ ಜೋರು, ಹೆಚ್ಚುಕಡಿಮಿ ಎಲ್ಲಾ ಕ್ವಾಲಿಫೈಯಿಂಗ್‌ನ್ಯಾಗೂ (ರೇಸಿಗೆ ಯಾರು ಯಾವ ಜಾಗಾದಿಂದ ಹೊಂಡಬೇಕು ಅಂತ ಗೊತ್ತಮಾಡೋ ಓಟ) ಪ್ರೋಸ್ಟ್ ಮುಂದ, ಲೌಡಾ ಹಿಂದ. ಲೌಡಾ ಹೊಳ್ಳಿ ಬಂದ ನಾಲ್ಕು ವರ್ಷದಾಗ ಒಂದ ಒಂದು ಪೋಲ್ ಹೊಡೀಲಿಲ್ಲ, ಅಂದ್ರ ಎಲ್ಲಾರಕಿಂತ ಮುಂದಿನ ಜಾಗಾದಿಂದ ಒಮ್ಮೆನೂ ಹೊಂಡಲಿಲ್ಲ. ಆ ವರ್ಷ ಪ್ರೋಸ್ಟ್ ಏಳು ರೇಸು ಗೆದ್ದ, ಲೌಡಾ ಐದು. ಚಾಂಪಿಯನ್ ಯಾರಾದ್ರು? ಲೌಡಾ. 72ಕ್ಕ 71.5, ಅರ್ಧ ಪಾಯಿಂಟು!

ಇದು ಹೆಂಗಾತು ಅನ್ನೂದನ್ನ ನೋಡಬೇಕು. ಆ ವರ್ಷ ರೇಸಿನ ನಡುವ ಪೆಟ್ರೋಲ್ ತುಂಬೂದು ಬಂದ್ ಮಾಡಿದ್ರು, ಒಂದು ರೇಸಿಗೆ 220 ಲೀಟರ್ ಅಷ್ಟ. ಟರ್ಬೊ ಎಂಜಿನ್ ಅಂದ್ರ ನೀರು ಕುಡದಂಗ ಕುಡೀತಾವ. ಜೋರ ಓಡಸಿದಾಂವ ಕಡೀಕ ರಸ್ತಾದಾಗ ನಿಂತ, ಲೆಕ್ಕ ಹಾಕಿ ಓಡಸಿದಾಂವ ಗೆರಿ ದಾಟಿದ. ನಮ್ಮ ಕಡೆ ಸೈಕಲ್ ರೇಸ್ ಹೊಡಿಯೋ ಹುಡುಗ್ರಿಗೆ ಇದು ಹೇಳಬೇಕಾಗಿಲ್ಲ, ಮೊದಲನೇ ಸುತ್ತಿನ್ಯಾಗ ದಮ್ ಪೂರಾ ಖರ್ಚು ಮಾಡಿದಾಂವ ಕಡೇ ಸುತ್ತಿಗೆ ಇರೂದಿಲ್ಲ. ಅಂದ್ರ ಆ ವರ್ಷದ ನಿಯಮಗಳು ಕೈಯಿಗಿಂತ ತಲಿಗೆ ಪಗಾರ ಕೊಟ್ಟವು, ಲೌಡಾನ ಹತ್ರ ತಲಿ ಇತ್ತು. (ಪ್ರೋಸ್ಟ್‌ನ ಹತ್ರನೂ ಇತ್ತು ಅನ್ರಿ, ಮುಂದ ನಾಲ್ಕು ಚಾಂಪಿಯನ್‌ಶಿಪ್ ಗೆದ್ದ, ಅದರಾಗ ಕಡೇದು 1993ರಾಗ ಒಂದು ವರ್ಷ ಮನ್ಯಾಗ ಕುಂತು ಹೊಳ್ಳಿ ಬಂದು.) ಇನ್ನ ನಸೀಬು. ಮೊನಾಕೊದಾಗ ಮಳಿ ಬಂದು ರೇಸು ಅರ್ಧಕ್ಕ ನಿಲ್ಲಿಸಿದ್ರು, ಪ್ರೋಸ್ಟ್ ಗೆದ್ದ, ಆದ್ರ ಅರ್ಧ ಪಾಯಿಂಟು ಅಂದ್ರ ನಾಲ್ಕೂವರಿ ಬಂತು. ರೇಸ್ ಪೂರಾ ನಡದು ಎರಡನೇದಾಂವ ಆಗಿದ್ರೂ ಆರು ಬರ್ತಿದ್ವು, ಚಾಂಪಿಯನ್ ಅಂವನ ಆಗ್ತಿದ್ದ. ಕಡೇ ರೇಸು ಪೋರ್ಚುಗಲ್‌ದಾಗ ಲೌಡಾ 11ನೇ ಜಾಗಾದಿಂದ ಹೊಂಟಿದ್ದ, ಚಾಂಪಿಯನ್ ಆಗಾಕ ಎರಡನೇದಾಂವ ಆಗಬೇಕಿತ್ತು, ಮುಂದಿದ್ದ ಮ್ಯಾನ್ಸೆಲ್‌ನ ಬ್ರೇಕು ಕೈಕೊಟ್ಟು ಅಂವಾ ಹೊರಗ ಹೋದ, ಲೌಡಾ ಎರಡನೇ ಜಾಗಾಕ್ಕ ಬಂದ.

ಅದ ಮ್ಯಾನ್ಸೆಲ್ ಮುಂದ 1992ಕ್ಕ ಚಾಂಪಿಯನ್ ಆಗಿ ಅಮೆರಿಕಾಕ್ಕ ಹೋದ, 1994ರಾಗ ವಿಲಿಯಮ್ಸ್ ಟೀಮಿನ ಡ್ರೈವರ್ ಸೆನ್ನಾ ತೀರಕೊಂಡ ಮ್ಯಾಲ ಆ ಟೀಮು ನಾಲ್ಕು ರೇಸಿಗೆ ಕರಸ್ತು, ಕಡೇದು ಆಸ್ಟ್ರೇಲಿಯಾದಾಗ 41ನೇ ವಯಸ್ಸಿಗೆ ಗೆದ್ದ. ಅಲ್ಲಿಗೇ ಬಿಟ್ಟಿದ್ರ ಚಂದಿತ್ತು. 95ಕ್ಕ ಮೆಕ್ಲಾರೆನ್‌ಗೆ ಹೋದ, ಕಾರಿನ್ಯಾಗ ಹಿಡೀಲಿಲ್ಲ, ಖರೇನ, ಮೈ ಹಿಡಿಲಾರದಷ್ಟು ಇಕ್ಕಟ್ಟು, ಅಗಲ ಮಾಡಿ ಬ್ಯಾರೆ ಕಾರು ಕಟ್ಟೋತನಕ ಎರಡು ರೇಸು ಹೋದ್ವು, ಆಮ್ಯಾಲ ಎರಡು ರೇಸು ಓಡಸಿ ಕೈ ಮುಗದ.

ಈಗ ಶೂಮಾಕರ್. ಏಳು ಸಲ ಚಾಂಪಿಯನ್, 91 ರೇಸು ಗೆದ್ದು 2006ಕ್ಕ ಬಿಟ್ಟಾಂವ, 2010ಕ್ಕ ಮರ್ಸಿಡಿಸ್ ಟೀಮಿಗೆ 41ನೇ ವಯಸ್ಸಿನ್ಯಾಗ ಬಂದ. ಮೂರು ವರ್ಷದಾಗ ಒಂದೂ ಗೆಲುವಿಲ್ಲ, ಪೋಡಿಯಂ, ಅಂದ್ರ ಮೊದಲ ಮೂರರೊಳಗ ಬಂದದ್ದು, ಒಂದ ಸಲ. ಬಾಜೂ ಗ್ಯಾರೇಜಿನ ನಿಕೊ ರೋಸ್‌ಬರ್ಗ್ ಮೂರೂ ವರ್ಷ ಅವನಕಿಂತ ಹೆಚ್ಚ ಪಾಯಿಂಟ್ ತಗೊಂಡ. ಎಲ್ಲಾರೂ ವಯಸ್ಸಾತು ಅಂದ್ರು. ನನ್ನ ಲೆಕ್ಕ ಬ್ಯಾರೆ.

ಫೆರಾರಿದಾಗಿದ್ದಾಗ ಅವನ ತಾಕತ್ತು ಎಲ್ಲಿತ್ತು ನೋಡ್ರಿ. ಫೆರಾರಿದ್ದು ಸ್ವಂತ ಟ್ರ್ಯಾಕು, ಫಿಯೊರಾನೊ, ಮನಿ ಹಿತ್ತಲದಾಗ ಇದ್ದಂಗ, ರೇಸು ಇಲ್ಲದ ದಿನಾನೂ ಓಡಸಿ ಓಡಸಿ ಕಾರನ್ನ ತನ್ನ ಕೈಗೆ ಹೊಂದಿಸ್ಕೊಳ್ತಿದ್ದ. ಬ್ರಿಜ್‌ಸ್ಟೋನ್ ಟೈರು ಕಂಪನಿ ಫೆರಾರಿಗೆ ಹೊಂದೂವಂಗ ಟೈರ್ ಮಾಡಿಕೊಡ್ತಿತ್ತು. ರೇಸಿನ ನಡುವ ಪೆಟ್ರೋಲ್ ಹಾಕ್ಕೊಂಡು ಸಣ್ಣ ಸಣ್ಣ ಓಟ, ಪ್ರತಿ ಲ್ಯಾಪೂ ಜೀವಾ ಹಿಡದು ಓಡಸೂದು, ಅದರಾಗ ಅವನಷ್ಟು ಯಾರೂ ಇರಲಿಲ್ಲ. ಇಂವಾ ಇಲ್ಲದ ಮೂರು ವರ್ಷದಾಗ ಏನಾತು? ಎಲ್ಲಾ ಟೀಮಿಗೂ ಒಂದ ಟೈರು ಆತು. 2009ರಿಂದ ಸೀಸನ್ ನಡದಾಗ ಟೆಸ್ಟಿಂಗ್ ಬಂದ್. ಗೆರಿ ಇದ್ದ ಟೈರು ಹೋಗಿ ನುಣುಪು ಟೈರು ಬಂದ್ವು. 2010ಕ್ಕ ಪೆಟ್ರೋಲ್ ತುಂಬೂದು ಮತ್ತ ಬಂದ್ ಆತು, ಮುಂದಿನ ಟೈರು ಸಣ್ಣ ಆದ್ವು, ಇವನಿಗೆ ಬೇಕಾದದ್ದು ಮೂತಿ ಚುರುಕಾಗಿ ಹೊಳ್ಳೋ ಕಾರು. ಸಾಲದ್ದಕ್ಕ 2009ರ ಫೆಬ್ರುವರಿದಾಗ ಬೈಕಿಂದ ಬಿದ್ದು ಕುತ್ತಿಗಿ ನೋವು ಮಾಡ್ಕೊಂಡಿದ್ದ, ಫೆರಾರಿ ಡ್ರೈವರ್ ಮಾಸಾಗ ಪೆಟ್ಟಾದಾಗ ಅವನ ಬದಲಿಗೆ ಓಡಸಾಕ ಟೀಮು ಕರದಿತ್ತು, ಆ ನೋವಿಗೆ ಹೋಗಾಕ ಆಗಲಿಲ್ಲ. ಅಂದ್ರ ಅಂವಾ ಬಿಟ್ಟು ಹೋದ ಮನಿ ಬ್ಯಾರೆ, ಹೊಳ್ಳಿ ಬಂದ ಮನಿ ಬ್ಯಾರೆ.

ಹಂಗಂತ ವೇಗ ಪೂರಾ ಹೋಗಿತ್ತು ಅನ್ನೂದೂ ಸುಳ್ಳು. 2012ರಾಗ ಮೊನಾಕೊದಾಗ, ಗ್ವಾಡಿ ಬಾಜೂನ ಓಡಸೋ ಜಾಗಾದಾಗ, 43 ವಯಸ್ಸಿನ್ಯಾಗ ಕ್ವಾಲಿಫೈಯಿಂಗ್‌ನ್ಯಾಗ ಎಲ್ಲಾರಕಿಂತ ಮುಂದ ಬಂದ. ಹಿಂದಿನ ರೇಸಿನ್ಯಾಗ ಇನ್ನೊಬ್ಬನ ಕಾರಿಗೆ ಹಿಂದಿನಿಂದ ಗುದ್ದಿದ್ದಕ್ಕ ಐದು ಜಾಗಾ ದಂಡ ಇತ್ತು, ಆರನೇ ಜಾಗಾದಿಂದ ಹೊಂಟ. ಮುಂದಿನ ತಿಂಗಳು ವೆಲೆನ್ಸಿಯಾದಾಗ ಮೂರನೇದಾಂವ ಆದ. ಆ ಪೋಡಿಯಂ ಫೋಟೊ ಹುಡುಕಿ ನೋಡ್ರಿ, ಗೆದ್ದಾಂವ ಅಲೊನ್ಸೊ, ಎರಡನೇದಾಂವ ಕಿಮಿ ರೈಕೊನೆನ್, ಮೂರನೇದಾಂವ ಶೂಮಾಕರ್. ಮೂರೂ ಮಂದಿ ಚಾಂಪಿಯನ್ನರು, ಅದರಾಗ ಇಬ್ಬರು ಬಿಟ್ಟು ಹೊಳ್ಳಿ ಬಂದವರು, ಉಳದ ಅಲೊನ್ಸೊ ಮುಂದ ಬಿಟ್ಟು ಬರಾಂವ!

ರೈಕೊನೆನ್ ಎರಡು ವರ್ಷ ರ್‍ಯಾಲಿ ಓಡಸಾಕ ಹೋಗಿದ್ದ, 2012ಕ್ಕ ಲೋಟಸ್‌ಗೆ ಬಂದ, ಅದ ವರ್ಷ ಅಬುಧಾಬಿ ಗೆದ್ದು ಚಾಂಪಿಯನ್‌ಶಿಪ್‌ನ್ಯಾಗ ಮೂರನೇದಾಂವ. ಶೂಮಾಕರ್‌ನ ಕಥಿ ಮಾತ್ರ ನೋಡಿ ತೀರ್ಮಾನ ಮಾಡಬಾರದು ಅನ್ನೂದಕ್ಕ ಇಂವಾ ಸಾಕ್ಷಿ, ಆದ್ರ ಹೊಳ್ಳಿ ಬಂದಾಗ ಇವನಿಗೆ 32 ಅಷ್ಟ ಅನ್ನೂದೂ ಖರೇ.

ರ್‍ಯಾಲಿ ಅಂದ ಮ್ಯಾಲ ನೆನಪಾತು, ಅಲ್ಲಿ ಹಳಬರಿಗೆ ಇನ್ನೂ ಚಲೋ ಕಾಲ ಐತಿ. ಒಂದ ತಿರುವನ್ನ ಐವತ್ತು ಸಲ ಹೊಡಿಯೂದಲ್ಲ ಅದು, ಬಾಜೂ ಕುಂತಾಂವ ನೋಟ್ಸ್ ಓದಿ ಹೇಳ್ತಾನ, ಡ್ರೈವರ್ ರಸ್ತಾ ನೋಡಿ ಎಲ್ಲಿ ಮಂಜು ಐತಿ ಎಲ್ಲಿ ಕೆಸರೈತಿ ಅಂತ ಅಂದಾಜ ಮಾಡ್ತಾನ, ಆ ಅಂದಾಜು ವರ್ಷಗಟ್ಟಲೆ ಓಡಸಿದ ಮ್ಯಾಲ ಬರೂವಂಥಾದ್ದು. ಒಂಬತ್ತು ಸಲ ಚಾಂಪಿಯನ್ ಆಗಿ ಬಿಟ್ಟಿದ್ದ ಲೋಬ್ 2022ರ ಮಾಂಟೆ ಕಾರ್ಲೊ ರ್‍ಯಾಲಿಗೆ ಬಂದ, 47 ವಯಸ್ಸು, ಬಾಜೂ ಕುಂತಾಕಿ ಇಸಾಬೆಲ್ ಗಾಲ್ಮಿಶ್, ಶಾಲ್ಯಾಗ ಗಣಿತ ಕಲಿಸೋ ಟೀಚರ್! ಮುಂದಿದ್ದ ಒಜಿಯೆನ ಟೈರು ಕಡೀಗೆ ಪಂಕ್ಚರ್ ಆತು, ಲೋಬ್ 10.5 ಸೆಕೆಂಡಿನ್ಯಾಗ ಗೆದ್ದ. ಕಾರ್ಲೋಸ್ ಸೈಂಜ್ ಅಂತೂ 2024ಕ್ಕ ಸೌದಿ ಮರಳಿನ್ಯಾಗ ಡಕಾರ್ ಗೆದ್ದಾಗ 61 ವಯಸ್ಸು, ಮಗಾ ಆವಾಗ ಫೆರಾರಿದಾಗ ಫಾರ್ಮುಲಾ ಒನ್ ಓಡಸ್ತಿದ್ದ. ಬೈಕಿನ ಲೆಕ್ಕ ಮಾತ್ರ ಕಠಿಣ, ಅಲ್ಲಿ ಬಿದ್ರ ಎಲವು. 2020ರಾಗ ತೋಳು ಮುರಕೊಂಡು ನಾಲ್ಕು ಆಪರೇಷನ್ ಮಾಡಿಸ್ಕೊಂಡ ಮಾರ್ಕ್ ಮಾರ್ಕೆಸ್ 2025ಕ್ಕ ಮತ್ತ ಚಾಂಪಿಯನ್ ಆದ, ಆದ್ರ ಇಂವಾ ಬರೇ 32ರಾಂವ. ಮೂರು ಸಲ ಸೂಪರ್‌ಬೈಕ್ ಚಾಂಪಿಯನ್ ಟ್ರಾಯ್ ಬೇಲಿಸ್ 2015ರಾಗ 45ನೇ ವಯಸ್ಸಿಗೆ ಪೆಟ್ಟಾದ ರೈಡರ್‌ನ ಬದಲಿಗೆ ಹೋದ, ಮುಂದಿದ್ದವರ ಹತ್ರ ಬರಾಕ ಆಗಲಿಲ್ಲ.

ನಮ್ಮ ದೇಶದವರೂ ಇದ್ದಾರ, ಚಾಂಪಿಯನ್ನರಲ್ಲ ಅನ್ನೂದೊಂದ ಬಿಟ್ರ. ನಾರಾಯಣ್ ಕಾರ್ತಿಕೇಯನ್ 2005ಕ್ಕ ಓಡಸಿ ಆರು ವರ್ಷದ ಮ್ಯಾಲ ಹೊಳ್ಳಿ ಬಂದು 2011ರಾಗ ಗ್ರೇಟರ್ ನೋಯ್ಡಾದ ಮೊದಲನೇ ಇಂಡಿಯನ್ ರೇಸಿನ್ಯಾಗ ಯಾವಾಗ್ಲೂ ಹಿಂದ ಬೀಳೋ ಟೀಮಿನ ಕಾರು ಹಿಡದು 17ನೇದವರಾದ್ರು. ತಮಿಳು ಹೀರೊ ಅಜಿತ್ 53ನೇ ವಯಸ್ಸಿಗೆ ರೇಸಿಗೆ ಹೊಳ್ಳಿ ಬಂದು 2025ರ ದುಬೈ 24 ತಾಸಿನ ರೇಸಿನ್ಯಾಗ ಅವರ ಟೀಮು ತನ್ನ ಕ್ಲಾಸಿನ್ಯಾಗ ಮೂರನೇದಾತು, ಆ ವಿಡಿಯೊ ನಮ್ಮ ಶಾಪಿನ ವಾಟ್ಸಪ್ ಗ್ರೂಪಿನ್ಯಾಗ ಎಷ್ಟ ಸಲ ಬಂತು ಅಂದ್ರ ಎಣಿಸಾಕ ಆಗಲಿಲ್ಲ.

ಈಗ ಅಲೊನ್ಸೊ. 2005, 2006ರ ಚಾಂಪಿಯನ್, 2018ಕ್ಕ ಬಿಟ್ಟ, ಆದ್ರ ಮನ್ಯಾಗ ಕುಂಡ್ರಲಿಲ್ಲ, ಅದ ಅವನ ಗುಟ್ಟು. ಲೆ ಮಾನ್ 24 ತಾಸಿನ ರೇಸು ಬಿಡೋ ವರ್ಷ ಒಂದ್ಸಲ, ಬಿಟ್ಟ ಮ್ಯಾಲ ಒಂದ್ಸಲ ಗೆದ್ದ, ಡಕಾರ್ ಓಡಸಿದ, ಕೈ ಆರಾಕ ಬಿಡ್ಲಿಲ್ಲ. 2021ಕ್ಕ ಬಂದ, 40 ತುಂಬಿ ಮೂರು ದಿನಕ್ಕ ಹಂಗೇರಿದಾಗ ಹ್ಯಾಮಿಲ್ಟನ್‌ನ ಜೋರ ಕಾರನ್ನ ಸುಮಾರು ಹತ್ತು ಲ್ಯಾಪ್ ಹಿಂದ ಹಿಡದಿಟ್ಟ, ಅದರಿಂದ ಅವನ ಟೀಮಿನ ಸಣ್ಣ ಹುಡುಗ ಒಕೊನ್ ಗೆದ್ದ. 2023ರಾಗ ಆಸ್ಟನ್ ಮಾರ್ಟಿನ್ ಕಾರಿನ್ಯಾಗ ಎಂಟು ಪೋಡಿಯಂ, ಚಾಂಪಿಯನ್‌ಶಿಪ್‌ನ್ಯಾಗ ನಾಲ್ಕನೇದಾಂವ. ಗೆಲುವು ಮಾತ್ರ 2013ರ ಸ್ಪೇನ್ ರೇಸಿನ ಮ್ಯಾಲ ಇಲ್ಲ. 2025ಕ್ಕ ಮರ್ಸಿಡಿಸ್‌ಗೆ ಬಂದ ಆಂಟೊನೆಲ್ಲಿ ಹುಟ್ಟಿದ್ದು 2006ರ ಆಗಸ್ಟ್, ಆವಾಗ ಅಲೊನ್ಸೊ ಒಂದು ಸಲ ಚಾಂಪಿಯನ್ ಆಗಿ ಎರಡನೇದಕ್ಕ ಓಡಸ್ತಿದ್ದ! ಮ್ಯಾಕ್ಸ್ ವರ್ಸ್ಟಾಪನ್‌ನ ಅಪ್ಪನ ಜೋಡಿನೂ ಓಡಸ್ಯಾನ, ಮಗನ ಜೋಡಿನೂ ಓಡಸ್ಯಾನ. ಸೀಟ್ ಬಿಡಬೇಕಂತ ಜಗಳಾಡೋ ನಮ್ಮ ಹುಡುಗ್ರಿಗೆ ಇನ್ನೊಂದು ಮಾತು, ಬ್ರೆಜಿಲ್‌ನ ಹೊಸಾ ಹುಡುಗ ಡ್ರೈವರ್ ಬೊರ್ಟೊಲೆಟೊನ ಕೆಲಸ ನೋಡ್ಕೊಳ್ಳೋದು ಅಲೊನ್ಸೊನ ಕಂಪನಿನ, ತನಗ ಪೈಪೋಟಿ ಕೊಡೋ ಹುಡುಗನ್ನ ತಾನ ತಂದಾನ.

ಮಾಮಾನ ಮಾತಿಗೆ ಬರ್ತೀನಿ. ಅಂವಾ ಗೆಲ್ತಿದ್ದ ಕಾಲದಾಗ ಟ್ರ್ಯಾಕ್ಟರಿಗೆ ಪವರ್ ಸ್ಟೇರಿಂಗ್ ಇರಲಿಲ್ಲ, ತೋಳಿನ ಶಕ್ತಿ ಇದ್ದಾಂವ ಗೆಲ್ತಿದ್ದ, ಮಾಮಾನ ತೋಳು ಇವತ್ತಿಗೂ ಹಂಗ ಅದಾವು. ಈಗಿನ ಸ್ಟೇರಿಂಗ್ ಬೆರಳ ತಾಕಿದ್ರ ಹೊಳ್ಳತೈತಿ, ಮಾಮಾ ಹಳೇ ಚಾಳಿಯಿಂದ ಜಗ್ಗಿದ, ಟ್ರೇಲರ್ ಗೆರಿ ಬಿಟ್ಟು ಅರ್ಧ ಮಾರು ಆಚೆ ಹೋತು, ತಿದ್ದಾಕ ಟೈಮ್ ಹೋತು. ಪ್ರಾಕ್ಟೀಸು ಮಾಡೂಣಂದ್ರ ಮನಿ ಟ್ರ್ಯಾಕ್ಟರ್ ಕಬ್ಬಿನ ಸೀಸನ್ನಿನ್ಯಾಗ ಫ್ಯಾಕ್ಟರಿಗೆ ಹೋಗಿತ್ತು. ಆ 22ರ ಹುಡುಗ ದಿನಾ ಅದ ಫ್ಯಾಕ್ಟರಿ ಅಂಗಳದಾಗ ಟ್ರೇಲರ್ ಹಿಂದಕ್ಕ ಹಚ್ಚೂದನ್ನ ಪಗಾರ ತಗೊಂಡು ಪ್ರಾಕ್ಟೀಸ್ ಮಾಡ್ತಿದ್ದ.

ಮೊನ್ನೆ ಫೋನ್ ಮಾಡಿದ್ದೆ. ಕಬ್ಬು ಕಡದ ಹೊಲದಾಗ ರಾತ್ರಿ ಲೈಟ್ ಹಚ್ಕೊಂಡು ಹಿಂದಕ್ಕ ಓಡಸಾಕತ್ತಾನಂತ. ಅತ್ತಿ ಫೋನ್ ಇಸ್ಕೊಂಡು "ನೀನರ ಹೇಳೋ ಇವರಿಗೆ, ಡೀಸೆಲ್ ಏನ ಪುಕ್ಕಟ್ಟ ಬರತೈತೇನು" ಅಂದ್ಳು. ಲೌಡಾಗ 220 ಲೀಟರ್ ಇತ್ತು ಅತ್ತಿ, ಮಾಮಾಗೂ ಒಂದ ಲೆಕ್ಕ ಹಾಕಿ ಕೊಡು ಅಂದೆ. ಯಾಂವ ಅಂವಾ, ಯಾವ ಊರಾಂವ ಅಂದ್ಳು.